ಜೊಹರಾಳ ಖಾಲಿ ಪಾಟಿ

ಜೊಹರಾ ಆರು ತಿಂಗಳಿಂದ ದಿನವೂ ಬರೆಯುತ್ತಿದ್ದಳು. ಅವಳ ಪಾಟಿ ಆರು ತಿಂಗಳಿಂದ ದಿನವೂ ಖಾಲಿಯಾಗಿಯೇ ಮನೆಗೆ ಹೋಗುತ್ತಿತ್ತು.

ಕಲ್ಲಯ್ಯ ಮಾಸ್ತರರು ಇದನ್ನು ಗಮನಿಸಿರಲಿಲ್ಲ. ಅವರು ಗಮನಿಸದ ಸಂಗತಿಗಳು ಬಹಳ. ಪಾಠದ ನಡುವೆ ಕಿಟಕಿಯಾಚೆ ನೋಡುತ್ತ ನಿಂತರೆ ಅವರಿಗೆ ಶಿರಸಿ ಪೇಟೆಯ ಓಣಿ ಕಾಣುತ್ತಿರಲಿಲ್ಲ. ಕೆರೆಯ ದಂಡೆ ಕಾಣುತ್ತಿತ್ತು, ದಂಡೆಯ ಮೇಲೆ ತಾವು, ತಮ್ಮ ಪಕ್ಕದಲ್ಲಿ ಪಾರ್ವತವ್ವ. ನಿಜದ ಪಾರ್ವತವ್ವ ಇನ್ನೂ ಬನವಾಸಿಯ ತೌರಿನಲ್ಲೇ ಇದ್ದಳು. ಮದುವೆ ಮುಂದಿನ ತಿಂಗಳು. "ಪ್ಯಾಟ್ಯಾಗ ಇರೋ ಮಾಸ್ತರಗ ಅಂತ ಹೆಣ್ಣು ಕೊಡಾಕತ್ತೀವಿ, ಅಡವ್ಯಾಗ ಇರಾವಗ ಅಲ್ಲ" ಎಂದು ಅವಳಪ್ಪ ಖಡಾಖಂಡಿತ ಹೇಳಿದ್ದ.

ಪೇಟೆಯಲ್ಲಿ ಉಳಿಯುವುದು ಮಾಸ್ತರರ ಕೈಯಲ್ಲಿರಲಿಲ್ಲ. ಒಂದನೇ ಇಯತ್ತೆಯಲ್ಲಿ ನಲವತ್ತು ಮಕ್ಕಳಿದ್ದರೆ ಶಾಲೆಗೆ ಎರಡನೇ ಮಾಸ್ತರು. ಒಂದು ಕೂಸು ಕಡಿಮೆಯಾದರೂ ಆ ಎರಡನೆಯವರು, ಅಂದರೆ ಕಲ್ಲಯ್ಯ ಮಾಸ್ತರರು, ಯಲ್ಲಾಪುರದ ಕಡೆ, ವಜ್ರಳ್ಳಿಗಿಂತಲೂ ಆಚೆಯ ಒಂದು ಕಾಡಿನ ಶಾಲೆಗೆ ಹೋಗಬೇಕು. ಹಾಜರಿ ಪುಸ್ತಕದಲ್ಲಿ ಸರಿಯಾಗಿ ನಲವತ್ತು ಹೆಸರಿದ್ದವು. ಅವನ್ನು ಎಣಿಸಲು ತಪಾಸಣೆಯ ಸಾಹೇಬರು ಆ ದಿನವೇ ನಾಲ್ಕು ಗಂಟೆಯ ಸಿದ್ದಾಪುರ ಬಸ್ಸಿಗೆ ಬರುವವರಿದ್ದರು.

೧೯೬೧ರ ಜನವರಿ. ಬೆಳಿಗ್ಗೆ ಹತ್ತಾದರೂ ಮಂಜು ಬಿಟ್ಟಿರಲಿಲ್ಲ. ಆ ಮಂಜಿನೊಳಗಿಂದ ಮೊದಲು ಒಂದು ಪಾಟಿ ಬಂತು, ಆಮೇಲೆ ಅದನ್ನು ಹಿಡಿದ ಕೈ, ಕೊನೆಗೆ ಜೊಹರಾಳ ಅಜ್ಜಿ ಸಕೀನಾಬಿ. ಅವಳ ಸೆರಗು ಹಿಡಿದು ಜೊಹರಾ.

"ಮಾಸ್ತರ್, ಇದು ಏನು?"

"ಪಾಟಿ."

"ಇದರ ಮೇಲೆ ಏನಿದೆ?"

ಮಾಸ್ತರರು ಬಗ್ಗಿ ನೋಡಿದರು. "ಏನೂ ಇಲ್ರಿ."

"ಅದನ್ನೇ ನಾನು ಆರು ತಿಂಗಳಿಂದ ನೋಡ್ತಾ ಇದ್ದೀನಿ. ನನ್ನ ಮಗ ರಸೂಲ ಲಾರಿ ಓಡಿಸ್ತಾನೆ, ದಾರಿಕಲ್ಲು ಓದಕ್ಕೆ ಬರಲ್ಲ. ಹುಬ್ಬಳ್ಳಿಗೆ ಅಂತ ಹೋದವನು ಹಾನಗಲ್ಲಿಗೆ ಹೋಗಿ ಬಂದ. ಮಗಳಾದರೂ ಕನ್ನಡ ಕಲೀಲಿ ಅಂತ ಇಲ್ಲಿ ಹಾಕಿದ್ದು. ನಾಲ್ಕು ಗಂಟೆಗೆ ಬರ್ತೀನಿ. ಪಾಟಿ ಮೇಲೆ ಒಂದೇ ಒಂದು ಶಬ್ದ ಇರಬೇಕು. ಇಲ್ಲಾ ಅಂದ್ರೆ ಹೆಸರು ತೆಗೀರಿ. ಮನೇಲಿ ಕೋಳಿ ನೋಡ್ಕೊಂಡಿರ್ತಾಳೆ."

ಮಾಸ್ತರರ ಕಣ್ಣಮುಂದೆ ಪಾರ್ವತವ್ವ ಎದ್ದು ಬನವಾಸಿಯ ಬಸ್ಸು ಹತ್ತಿದಳು.

ಅವರು ಜೊಹರಾಳ ಪಕ್ಕ ನೆಲಕ್ಕೆ ಕೂತರು. "ಕಮಲ ಅಂತ ಬರಿಯವ್ವಾ."

ಅವಳು ಪಾಟಿಕಡ್ಡಿಯನ್ನು ಎಡಗೈಯಲ್ಲಿ ಹಿಡಿದಳು. 'ಕ' ದುಂಡಗೆ ಮೂಡಿತು. 'ಮ' ಬರೆಯುವಾಗ ಬೆವರಿದ ಅಂಗೈ ಹೋಗಿ 'ಕ'ದ ಮೇಲೆ ಕೂತಿತು. 'ಲ' ಬರೆಯುವಾಗ 'ಮ'ವೂ ಹೋಯಿತು. ಮುಂದೆ ನೇಗಿಲು, ಹಿಂದೆಯೇ ಸಾಲು ಮುಚ್ಚುವ ಕೊರಡು ಹೊಡೆದಂತೆ. ಉಳಿದ 'ಲ' ಅವಳು ಪಾಟಿಯನ್ನು ಕಂಕುಳಿಗೆ ಸೇರಿಸಿದಾಗ ಅಂಗಿಗೆ ಒರೆಸಿಹೋಯಿತು.

"ಎಲ್ಲಿ ಹೋತವ್ವಾ ಅದು?"

"ಹೋಯ್ತು" ಎಂದಳು ಜೊಹರಾ. ಅವಳಿಗೆ ಆಶ್ಚರ್ಯವೇನೂ ಆಗಲಿಲ್ಲ. ಅಕ್ಷರಗಳೆಂದರೆ ಬೆಳಗಿನ ಮಂಜಿನಂತೆ ಬಂದು ಹೋಗುವಂಥವು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

ಅಷ್ಟರಲ್ಲಿ ಹೆಡ್‌ಮಾಸ್ತರ್ ಶಾಂತಾರಾಮರು ಬಂದರು. "ಎಡಗೈ! ಎಂತ ಮಾರಾಯ್ರೇ, ಆರು ತಿಂಗಳು ಎಂತ ನೋಡ್ತಾ ಇದ್ರಿ ನೀವು? ಸಾಹೇಬರ ಕಣ್ಣಿಗೆ ಬಿದ್ರೆ ನಮ್ಮಿಬ್ಬರ ಗ್ರಹಚಾರ." ಅವರು ತಮ್ಮ ಹೆಗಲ ಮೇಲಿನ ಪಂಜೆಯಿಂದ ಅವಳ ಎಡಗೈಯನ್ನು ಸೊಂಟಕ್ಕೆ ಕಟ್ಟಿದರು. "ಈಗ ಬರಿ."

ಜೊಹರಾ ಬಲಗೈಯಲ್ಲಿ ಒಂದು ಗೀಟು ಎಳೆದಳು. ಗೀಟು ಪಾಟಿಯ ಚೌಕಟ್ಟು ದಾಟಿತು, ನೆಲಕ್ಕೆ ಇಳಿಯಿತು, ಪಕ್ಕದ ಕೂಸಿನ ಮೊಣಕಾಲು ಹತ್ತಿತು.

"ಮಾಸ್ತರ್ರೇ, ಇವ್ಳು ನನ್ ಕಾಲ್ಮೇಲೆ ಬರೀತಾ ಇದ್ಳು!"

ಸಾಹೇಬರು ಬರುತ್ತಾರೆಂದು ಶಾಲೆಯ ಜಗಲಿ ಸಾರಿಸಲು ಬಂದಿದ್ದ ಮುರಿಗೆವ್ವ ಸಗಣಿಯ ಬುಟ್ಟಿ ಕೆಳಗಿಟ್ಟು ಬಾಗಿಲಲ್ಲಿ ನಿಂತಳು. "ಕಟ್ಟಿದ್ರ ಚಟಾ ಹೋಗೂದಿಲ್ರಿ. ಬೇವಿನೆಣ್ಣಿ ಹಚ್ಚಬೇಕು. ನಮ್ಮ ಕೂಸು ದೇವಕ್ಕ ಬೆರಳು ಚೀಪೂದು ಅದರಿಂದನ ಬಿಡ್ತು."

"ಈಕಿ ಬೆರಳು ಚೀಪೂದಿಲ್ಲವ್ವಾ, ಬರೀತಾಳ."

"ಚೀಪೂದು, ಬರಿಯೂದು, ಎರಡೂ ಕೈದ ಚಟಾನ ಅಲ್ಲೇನ್ರಿ?"

ಮಾಸ್ತರರು ಬೇಡವೆನ್ನುವುದರೊಳಗೆ ಮುರಿಗೆವ್ವ ಮನೆಗೆ ಹೋಗಿ ಎಣ್ಣೆ ತಂದು, ಪಂಜೆ ಬಿಚ್ಚಿ, ಮಗುವಿನ ಎಡಗೈಗೆ ಮೊಣಕೈವರೆಗೆ ಬಳಿದಾಗಿತ್ತು. ಜೊಹರಾ ಕೈ ಮೂಸಿ ನೋಡಿ ಮುಖ ಹಿಂಡಿದಳು. ಆಮೇಲೆ ಅದೇ ಕೈಯಲ್ಲಿ ಪಾಟಿಕಡ್ಡಿ ಹಿಡಿದಳು. ಈಗ ಪಾಟಿಗೆಲ್ಲ ಎಣ್ಣೆ. ಪಾಚಿಗಟ್ಟಿದ ಮೆಟ್ಟಿಲ ಮೇಲೆ ಕಾಲಿಟ್ಟವರ ಹಾಗೆ ಪಾಟಿಕಡ್ಡಿ ಜಾರಿತು. ಮೊದಲು ಅಕ್ಷರ ಅಳಿಸಿಹೋಗುತ್ತಿತ್ತು, ಈಗ ಮೂಡುವುದೇ ನಿಂತಿತು.

ಮಾಸ್ತರರು ಪಾಟಿಯನ್ನೂ ಮಗುವನ್ನೂ ಬಾವಿಕಟ್ಟೆಗೆ ಒಯ್ದು ಒಲೆಯ ಬೂದಿ ಹಾಕಿ ಪಾಟಿ, ಕೈ ಎರಡನ್ನೂ ತಿಕ್ಕಿದರು. ಬೂದಿಗೈಯಿಂದಲೇ ಹಣೆಯ ಬೆವರು ಒರೆಸಿಕೊಂಡರು. ಮರಳಿ ಬಂದಾಗ ಮುರಿಗೆವ್ವ ಅವರ ಹಣೆ ನೋಡಿ ಭಕ್ತಿಯಿಂದ ಕೈಮುಗಿದಳು. "ಇವತ್ತ ಪೂಜಿ ತಡಾ ಆತೇನ್ರಿ ಮಾಸ್ತರ?"

ಮಧ್ಯಾಹ್ನದ ಹೊತ್ತಿಗೆ ಮಾಸ್ತರರು ಇನ್ನೊಂದು ಉಪಾಯ ಮಾಡಿದರು. ಮಗುವಿನ ಕಷ್ಟವೇನೆಂದು ತಿಳಿಯಲು ತಾವೇ ಒಂದನೇ ಸಾಲಿನಲ್ಲಿ ಚಕ್ಕಳಮಕ್ಕಳ ಹಾಕಿ, ಎಡಗೈಯಲ್ಲಿ ಪಾಟಿಕಡ್ಡಿ ಹಿಡಿದು, ನಾಲಿಗೆ ಹೊರಗೆ ಚಾಚಿ 'ಕಮಲ' ಬರೆಯತೊಡಗಿದರು. ಮೂವತ್ತೊಂಬತ್ತು ಮಕ್ಕಳು ಸುತ್ತ ನಿಂತು ನೋಡಿದರು. ನಲವತ್ತನೆಯವಳು ತಿದ್ದಿದಳು: "ಹಂಗಲ್ಲ ಮಾಸ್ತರ್ರೇ, ದುಂಡಗೆ."

ಶಾಂತಾರಾಮರು ಬಾಗಿಲಲ್ಲೇ ನಿಂತರು. "ಅಯ್ಯೋ ದೇವರೇ. ಇದು ಅಂಟುಜಾಡ್ಯವಾ?"

ಊಟದ ಬಿಡುವು ಕಳೆಯಿತು. ಮಂಜು ಕರಗಿ ಬಿಸಿಲು ಕಿಟಕಿಯಿಂದ ಓರೆಯಾಗಿ ಒಳಗೆ ಬಿತ್ತು. ಹಲಗೆಯಿಂದ ಒರೆಸಿದ ಖಡುವಿನ ಧೂಳು ಅದರೊಳಗೆ ಎಲ್ಲಿಗೂ ಹೋಗುವ ಅವಸರವಿಲ್ಲದೆ ತೇಲುತ್ತಿತ್ತು. ಮಕ್ಕಳು ಎರಡರ ಮಗ್ಗಿ ಹೇಳುತ್ತ ಹೇಳುತ್ತ ಅರ್ಧ ನಿದ್ದೆಗೆ ಹೋದರು. ಎರಡೊಂಬತ್ತಲಿ ಹದಿನೆಂಟು ಎಂಬುದು ಜೇನಿನ ಗೂಡಿನಿಂದ ಬಂದಂತೆ ಕೇಳಿಸಿತು. ಮಾಸ್ತರರು ಕಿಟಕಿಗೆ ಒರಗಿದರು. ಕೆರೆಯ ದಂಡೆ ಬಂತು. ಪಾರ್ವತವ್ವನೂ ಬಂದಳು. ಆದರೆ ಇಂದು ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ದಂಡೆಯನ್ನು ಸಗಣಿಯಿಂದ ಸಾರಿಸುತ್ತ, ಹಿಂದೆ ಹಿಂದೆ ಸರಿಯುತ್ತ, ಅವರಿಂದ ದೂರ ಹೋಗುತ್ತಿದ್ದಳು.

"ಯಾಕ ಹಿಂದಕ್ಕ ಹೊಂಟಿ?" ಮಾಸ್ತರರು ಗಾಬರಿಯಿಂದ ಗಟ್ಟಿಯಾಗಿಯೇ ಕೇಳಿದರು.

"ಮುಂದಕ ಬಂದ್ರ ಸಾರಿಸಿದ್ದನ್ನ ನಾನ ತುಳೀತೇನಲ್ರೀ!" ಎಂದಳು ಜಗಲಿಯಿಂದ ಮುರಿಗೆವ್ವ.

ಮಾಸ್ತರರು ಕಣ್ಣುಬಿಟ್ಟರು. ಮುರಿಗೆವ್ವ ಬೆನ್ನ ಕಡೆಗೆ ಸರಿಯುತ್ತಿದ್ದಳು. ಅವಳ ಮುಂದೆ ಸಾರಿಸಿದ ಜಗಲಿ ಒಂದೂ ಹೆಜ್ಜೆಗುರುತಿಲ್ಲದೆ ಹಸಿಹಸಿಯಾಗಿ ಹೊಳೆಯುತ್ತಿತ್ತು. ಅವರು ಅದನ್ನು ನೋಡಿದರು. ಜೊಹರಾಳ ಕೈ ನೋಡಿದರು. ಒಂದೇ ನೆಗೆತಕ್ಕೆ ಅವಳ ಬಳಿ ಹೋಗಿ ಕೂತರು.

"ಜೊಹರಾ, ಕಮಲದ ಕಡೀ ಅಕ್ಷರ ಯಾವುದವ್ವಾ?"

"ಲ."

"ಅದನ್ನ ಮೊದಲ ಬರಿ. ಇಲ್ಲಿ, ಬಲದ ಅಂಚಿಗೆ. ಆಮ್ಯಾಲ ಅದರ ಎಡಕ್ಕ ಮ. ಅದರ ಎಡಕ್ಕ ಕ."

ಎಡಗೈ ಬರೆಯುತ್ತ ಎಡಕ್ಕೆ ಸರಿಯಿತು. ಬರೆದದ್ದು ಬರೆದಲ್ಲೇ ಉಳಿಯಿತು. ಜೊಹರಾ ಕೈ ಎತ್ತಿದಾಗ ಪಾಟಿಯ ಮೇಲೆ 'ಕಮಲ' ಇತ್ತು. ಅವಳು ಅದು ಹೋಗಲೆಂದು ಸ್ವಲ್ಪ ಹೊತ್ತು ಕಾದಳು. ಅದು ಹೋಗಲಿಲ್ಲ. ಆಮೇಲೆ ಅವಳು ಮಾಸ್ತರರ ಮುಖವನ್ನೂ ಪಾಟಿಯನ್ನೂ ಒಂದಾದ ಮೇಲೊಂದು ನೋಡಿ ಬಾಯಿಗೆ ಕೈಯಿಟ್ಟುಕೊಂಡು ನಕ್ಕಳು. ಕೈ ಇನ್ನೂ ಕಹಿಯಾಗಿತ್ತು, ಥೂ ಎಂದಳು, ಮತ್ತೆ ನಕ್ಕಳು.

ನಾಲ್ಕೂಕಾಲಿಗೆ ಸಾಹೇಬರು ಬಂದರು. ಮಕ್ಕಳನ್ನು ನಿಲ್ಲಿಸಿ ಎಣಿಸಿದರು. ನಲವತ್ತು. ಹಾಜರಿ ಪುಸ್ತಕ ನೋಡಿದರು. ನಲವತ್ತು. ಸಹಿ ಹಾಕಲು ಲೇಖನಿಯ ಟೋಪಿ ತೆಗೆದಾಗ ಬಾಗಿಲಲ್ಲಿ ಸಕೀನಾಬಿ.

"ಪಾಟಿ ತೋರಿಸ್ರಿ ಮಾಸ್ತರ್."

"ತೋರಿಸೂದೇನು ಅಮ್ಮಾ, ನಿಮ್ಮ ಮುಂದನ ಬರೀತಾಳ." ಕಲ್ಲಯ್ಯ ಮಾಸ್ತರರ ಎದೆ ಉಬ್ಬಿತ್ತು. ಶಾಂತಾರಾಮರು ಕಣ್ಣು ಮುಚ್ಚಿಕೊಂಡರು.

ಜೊಹರಾ ಎಲ್ಲರ ನಡುವೆ ಕೂತು ಬಲದ ಅಂಚಿನಿಂದ ಆರಂಭಿಸಿದಳು. ಲ, ಮ, ಕ. ಸಾಹೇಬರು ಎಡಗೈ ನೋಡಿ ಹುಬ್ಬೇರಿಸಿದರು, ಅಕ್ಷರ ನೋಡಿ ತಲೆದೂಗಿದರು.

ಸಕೀನಾಬಿ ಮಾತ್ರ ಎದೆಗೆ ಕೈಯಿಟ್ಟುಕೊಂಡಳು. "ಯಾ ಅಲ್ಲಾ! ಬಲಗಡೆಯಿಂದ ಬರೀತಾಳೆ! ನಾನು ಕುರಾನ್ ಓದೋದು ಹೀಗೇ. ಇವಳ ಅಜ್ಜ ಖಾಜಾ ಹುಸೇನ್ ಕಾಗದ ಬರೀತಿದ್ದದ್ದೂ ಹೀಗೇ. ಕೂಸು ಉರ್ದುಗೆ ಅಂತ ಹುಟ್ಟಿದ್ದು, ನಾವು ತಂದು ಕನ್ನಡಕ್ಕೆ ಕೂರಿಸಿದ್ದೀವಿ. ಅಕ್ಷರ ನಿಲ್ಲದೇ ಇದ್ದದ್ದು ಅದಕ್ಕೇ!"

"ಅಲ್ರಿ ಅಮ್ಮಾ, ಇದು ಕನ್ನಡನ. ಎಡಗಡಿಂದ ಓದ್ರಿ, ಕಮಲ ಅಂತ..."

"ಓದೋದು ನಿಮಗೆ ಬಿಟ್ಟದ್ದು ಮಾಸ್ತರ್. ಬರೆಯೋದನ್ನು ನಾನು ಕಣ್ಣಾರೆ ನೋಡ್ದೆ."

"ಮತ್ತ ರಸೂಲನ ದಾರಿಕಲ್ಲು?"

"ಕ್ಲೀನರ್ ಓದಿ ಹೇಳ್ತಾನೆ. ಹೆಸರು ತೆಗೀರಿ, ನಾಳೆಯಿಂದ ಉರ್ದು ಶಾಲೆಗೆ ಹಾಕ್ತೀನಿ. ನಿಮಗೆ ಪುಣ್ಯ ಬರಲಿ. ನೀವಿಲ್ಲದಿದ್ರೆ ಇದು ನಮಗೆ ಗೊತ್ತೇ ಆಗ್ತಿರಲಿಲ್ಲ."

ಮನೆಯವರು ಕೇಳಿದರೆ ಹೆಸರು ತೆಗೆಯಲೇಬೇಕು. ಸಾಹೇಬರು ತಾವೇ ನಲವತ್ತನ್ನು ಹೊಡೆದು ಮೂವತ್ತೊಂಬತ್ತು ಮಾಡಿ, ಸಹಿ ಹಾಕಿ, ಕಲ್ಲಯ್ಯ ಮಾಸ್ತರರ ಭುಜ ತಟ್ಟಿದರು.

"ಎಡಗೈ ಕೂಸಿಗೆ ಒಂದೇ ದಿನದಲ್ಲಿ ಬರೆಯಲು ಕಲಿಸಿದ್ದೀರಿ. ನಿಮ್ಮಂಥವರು ಪೇಟೆಯಲ್ಲಿ ಕೊಳೆಯಬಾರದು. ಆ ಕಾಡಿನ ಶಾಲೆಯಲ್ಲಿ ಮೂರು ವರ್ಷದಿಂದ ಒಬ್ಬ ಮಾಸ್ತರೂ ನಿಂತಿಲ್ಲ. ಸೋಮವಾರವೇ ಹೊರಡಿ."

ಮಾಸ್ತರರು ಜಗಲಿಗೆ ಬಂದು ಕೂತರು. ಅಜ್ಜಿಯ ಜತೆ ಹೊರಟಿದ್ದ ಜೊಹರಾ ಅರ್ಧ ದಾರಿಯಿಂದ ಮರಳಿ ಬಂದಳು. ಪಾಟಿಯನ್ನು ಕಂಕುಳಿಗೆ ಸೇರಿಸದೆ, ತುಂಬಿದ ಹಾಲಿನ ಪಾತ್ರೆಯಂತೆ ಎರಡೂ ಕೈಯಲ್ಲಿ ಮುಂದೆ ಹಿಡಿದಿದ್ದಳು.

"ಮಾಸ್ತರ್ರೇ, ನಾಳೆ ಆ ಶಾಲೆಗೆ ನೀವೂ ಬರ್ತ್ರಾ?"

"ಇಲ್ಲವ್ವಾ. ನಂದು ಬ್ಯಾರೆ ಸಾಲಿ ಆತು."

ಜೊಹರಾ ಸ್ವಲ್ಪ ಯೋಚಿಸಿದಳು. "ನಿಮ್ಮ ಹೆಸರನ್ನೂ ನಮ್ಮಜ್ಜಿನೇ ತೆಗೆಸಿದ್ಳಾ?"

"ಹೂಂನವ್ವಾ" ಎಂದರು ಮಾಸ್ತರರು. "ನಿಮ್ಮಜ್ಜಿನ."