ಕಾಕಾನ ತಣ್ಣನೆ ರಕ್ತದ ನೆಂಟರು

ನಮ್ಮ ಕಾಕಾನಷ್ಟು ಹಲ್ಲಿ, ಕಪ್ಪೆ, ಆಮೆಗಳನ್ನು ಸಾಕಿದವರು ಸವಣೂರಿನಲ್ಲಿ ಇನ್ನೊಬ್ಬರಿಲ್ಲ. ಸವಣೂರೇನು, ಅತ್ತ ಹಾನಗಲ್ಲು, ಇತ್ತ ಶಿಗ್ಗಾವಿ, ಆಚೆ ಹಿರೇಕೆರೂರಿನವರೆಗೆ ಹುಡುಕಿದರೂ ಸಿಗಲಿಕ್ಕಿಲ್ಲ. ಒಂದೇ ಒಂದು ಸಣ್ಣ ಕೊರತೆ ಇತ್ತು. ಅವುಗಳಲ್ಲಿ ಒಂದೂ ಮನೆಗೆ ಬಂದಿರಲಿಲ್ಲ!

ಕಾಕಾ ಅಂದರೆ ನಮ್ಮಪ್ಪನ ತಮ್ಮ. ಪೇಟೆಯಲ್ಲಿ ಅವನದೊಂದು ಸೇವು, ಚೂಡಾ ಮಾರುವ ಖಾರದ ಅಂಗಡಿ. ಬೆಳಗಿನಿಂದ ಸಂಜೆಯವರೆಗೆ ಕಾದ ಎಣ್ಣೆಯ ಮುಂದೆ ಕುಳಿತಿರುವ ಮನುಷ್ಯನಿಗೆ ತಣ್ಣನೆ ರಕ್ತದ ಪ್ರಾಣಿಗಳ ಮೇಲೇ ಯಾಕೆ ಮನಸ್ಸು ಹೋಯಿತೋ, ಆ ಶಿವನೇ ಬಲ್ಲ. ಬೇರೆಯವರು ಕಾಶಿಗೆ ಹೋಗಬೇಕು, ಕಾರು ತಗೋಬೇಕು ಅಂತ ಆಸೆಪಟ್ಟರೆ ಇವನದು ಒಂದೇ ಮಾತು: "ಸಾಯೂದ್ರಾಗ ಒಂದರ ಸಾಕಬೇಕವಾ!"

"ಒಂದು ನಾಯಿ ಸಾಕ ಕಾಕಾ" ಎಂದು ನಾನು ಅಂದಿದ್ದೆ.

"ನಾಯಿ ಬಾಲಾ ಅಳ್ಳಾಡಸ್ತೈತಿ. ಅದನ್ನ ಪ್ರೀತಿ ಮಾಡೂದು ಯಾವ ದೊಡ್ಡಸ್ತನ? ನಮ್ಮ ಕಡೆ ತಿರುಗಿ ಸುದ್ದಾ ನೋಡಲಾರದ್ದನ್ನ ಪ್ರೀತಿ ಮಾಡಬೇಕು, ಅದು ಖರೇ ಪ್ರೀತಿ!"

ಹಾಗಂತ ಹೊಲದಲ್ಲಿ ಕಂಡ ಉಡವನ್ನೋ ಕೆರೆಯ ಆಮೆಯನ್ನೋ ಹಿಡಿದು ತರುವಂತಿಲ್ಲ. ನಮ್ಮ ದೇಶದ್ದನ್ನು ಮುಟ್ಟಿದರೆ ಕಾನೂನು ನಮ್ಮನ್ನು ಮುಟ್ಟುತ್ತದೆ. ಹೀಗಾಗಿ ಕಾಕಾ ಕಾಯುತ್ತಿದ್ದ ನೆಂಟರೆಲ್ಲ ಪರದೇಶದವರು, ಅದೂ ಕಾಗದಪತ್ರ ಸಮೇತ ಬರಬೇಕಾದವರು. ಬರುವವರೆಗೆ ಅವರ ವಾಸ ಕಾಕಾನ ಮೊಬೈಲಿನಲ್ಲಿ.

ಒಮ್ಮೆ ಹಾನಗಲ್ಲಿನ ಗಿರಾಕಿಯೊಬ್ಬರು ಮಗಳ ನಿಶ್ಚಯಕ್ಕೆಂದು ಖಾರ ಒಯ್ಯಲು ಬಂದಿದ್ದರು. ಪಾಪ, ಸುಮ್ಮನೆ ನಿಲ್ಲಬಾರದೇ? "ಏನ ನೋಡಾಕತ್ತೀರಿ?" ಎಂದು ಕೇಳಿಬಿಟ್ಟರು. ಕಾಕಾ ಅವರಿಗೆ ಮಡಗಾಸ್ಕರದ ಊಸರವಳ್ಳಿಯ ವಿಡಿಯೋ ತೋರಿಸತೊಡಗಿದ.

"ಬಣ್ಣಾ ಹೆಂಗ ಬದಲ ಮಾಡ್ತೈತಿ ನೋಡ್ರಿ! ಮೊದಲ ಹಳದಿ... ಈಗ ಕಂದು... ಈಗ ಪೂರಾ ಕರೀ ಆತು ನೋಡ್ರಿ!"

"ಹೌದ್ರೀ" ಎಂದರು ಅವರು. ಆದರೆ ಅವರು ನೋಡುತ್ತಿದ್ದದ್ದು ಮೊಬೈಲನ್ನಲ್ಲ, ಬಾಣಲೆಯಲ್ಲಿದ್ದ ಸೇವನ್ನು.

ಆಮೇಲೆ ಬಂದದ್ದು ಮೆಕ್ಸಿಕೋದ ಆಕ್ಸೊಲೊಟ್ಲ್ ಎಂಬ ಜೀವಿಯ ಹುಚ್ಚು. ಅದು ಕಪ್ಪೆಯ ದೂರದ ಸಂಬಂಧಿ. ಸದಾ ನೀರಿನಲ್ಲೇ ಇರುತ್ತದೆ, ಕಿವಿಗಳ ಜಾಗದಲ್ಲಿ ಗರಿಯಂಥ ಕಿವಿರುಗಳು, ಮುಖದ ಮೇಲೆ ಯಾವಾಗಲೂ ನಗು. ಆದರೆ ಆ ನಗು ಉಳಿಯಬೇಕಾದರೆ ನೀರು ತಣ್ಣಗಿರಬೇಕು. ಸವಣೂರಿನ ಮೇ ತಿಂಗಳಲ್ಲಿ ಮನುಷ್ಯರ ನಗುವೇ ಉಳಿಯುವುದಿಲ್ಲ! ಕಾಕಾ ಸೋಲಲಿಲ್ಲ. ಹೊಸ ಗಾಜಿನ ತೊಟ್ಟಿ ತಂದು ಪಡಸಾಲೆಯಲ್ಲಿಟ್ಟ, ಸೋಸಿದ ನೀರು ತುಂಬಿದ, ಸುತ್ತಲೂ ಒದ್ದೆ ಗೋಣಿಚೀಲ ಹೊದಿಸಿದ. ಪ್ರಾಣಿ ಬರುವ ಮೊದಲು ಪ್ರಯೋಗ ಆಗಬೇಕಲ್ಲ, ಹಾಗಾಗಿ ತಾಸಿಗೊಮ್ಮೆ ಫ್ರಿಜ್ಜಿನ ಐಸು ತಂದು ಸುರಿಯುವುದೇ ಕೆಲಸವಾಯಿತು.

ಅದೇ ಹೊತ್ತಿಗೆ ಅಬಲೂರಿನಿಂದ ಕಾಕೂನ ತವರಿನವರು ಬಿಸಿಲಲ್ಲಿ ಬೆಂದು ಬಂದರು. ಕಾಕೂ, ಅಂದರೆ ಕಾಕಾನ ಹೆಂಡತಿ, ಫ್ರಿಜ್ಜು ತೆಗೆದು ನೋಡಿದರೆ ನೀರಿನ ಬಾಟಲಿಗೆ ಜಾಗವೇ ಇಲ್ಲ, ಎಲ್ಲಾ ಐಸು. ಆಕೆ ಹೆಚ್ಚು ಯೋಚಿಸಲಿಲ್ಲ. ತಂಬಿಗೆಯನ್ನು ತೊಟ್ಟಿಗೆ ಅದ್ದಿದಳು.

"ಆಹಾ, ಏನ್ ತಂಪ ಐತ್ರೀ ನೀರು! ಇನ್ನೊಂದ ತಂಬಗಿ ಕೊಡವಾ" ಎಂದರು ಬೀಗರು.

ಅಂಗಡಿಯಿಂದ ಬಂದ ಕಾಕಾ ತಳ ಕಂಡ ತೊಟ್ಟಿಯನ್ನು ನೋಡಿ ತಲೆ ಮೇಲೆ ಕೈ ಹೊತ್ತುಕೊಂಡ. "ಅದರ ಮನೀನ ಕುಡದ ಬಿಟ್ರಲ್ರೀ!" ಬೀಗರಿಗೆ ಅದು ಯಾರ ಮನೆ ಎಂದು ವಿವರಿಸಿ ಹೇಳಿದ ಮೇಲೆ ಅವರಿಗೆ ಆ ದಿನ ಊಟ ಸೇರಲಿಲ್ಲ. ತೊಟ್ಟಿಯಲ್ಲಿ ಏನೂ ಇರಲೇ ಇಲ್ಲ ಎಂದು ಎಷ್ಟು ಆಣೆ ಮಾಡಿದರೂ ನಂಬಲಿಲ್ಲ.

ಇಲ್ಲಿ ಕಾಕೂನ ಬಗ್ಗೆ ಒಂದು ಮಾತು. ಕಾಕಾನ ಆಸೆಗೆ ಅಡ್ಡ ನಿಂತದ್ದು ಕಾನೂನೂ ಅಲ್ಲ, ಬಿಸಿಲೂ ಅಲ್ಲ, ಈಕೆಯ ಅಂಜಿಕೆ. ಹಲ್ಲಿ ಕಂಡರೆ ಆಕೆ ಹಾಸಿಗೆ ಹತ್ತಿ ನಿಲ್ಲುತ್ತಾಳೆ. ಅಂಥವಳ ಮುಂದೆ ಕಾಕಾ ಚುಕ್ಕೆ ಚುಕ್ಕೆಯ ಚಿರತೆ ಹಲ್ಲಿಯನ್ನು ಹೊಗಳಿದರೆ ಹೇಗಿರಬೇಡ?

"ಗ್ವಾಡಿ ಮ್ಯಾಲ ಪುಕ್ಕಟ ಅದಾವಲ್ರೀ, ಅವನ್ನ ಸಾಕ್ರಿ!"

"ಇದಕ್ಕ ಕಣ್ಣಿಗಿ ರೆಪ್ಪಿ ಐತಲೇ. ನಮ್ಮ ಹಲ್ಲಿಗಿ ಇಲ್ಲ."

"ರೆಪ್ಪಿ ಇದ್ರ ಏನು? ಕಣ್ಣ ಹೊಡೀತೈತೇನು? ನಾ ಇರೂಮಟಾ ಈ ಮನ್ಯಾಗ ಅಂಥಾದ್ದು ಬರಂಗಿಲ್ಲ ಅಂದ್ರ ಬರಂಗಿಲ್ಲ!"

ಸರಿಯಾಗಿ ಆಗಲೇ ಗೋಡೆಯ ಹಲ್ಲಿ ಲೊಚಗುಟ್ಟಬೇಕೆ! ಮಾತಿನ ಮೇಲೆ ಹಲ್ಲಿ ನುಡಿದರೆ ಮಾತು ಖರೆ ಎಂದು ಲೆಕ್ಕ. ಕಾಕೂ ಬೆರಳಿನಿಂದ ನೆಲ ತಟ್ಟಿ, "ಕೇಳಿದ್ರಿ? ಹಲ್ಲೀನ ಸಾಕ್ಷಿ ಹೇಳ್ತು" ಅಂದಳು.

"ಅದಕ್ಕ ಹೊಟ್ಟಿಕಿಚ್ಚು!" ಎಂದು ಕಾಕಾ ಎದ್ದು ಹೋದ.

ಹೋದ ವರ್ಷ ನಿಜವಾದ ಯೋಗವೇ ಕೂಡಿ ಬಂತು. ಹುಬ್ಬಳ್ಳಿಯಲ್ಲಿದ್ದ ಬ್ಯಾಂಕಿನ ಅಧಿಕಾರಿಯೊಬ್ಬರಿಗೆ ದೂರದ ಊರಿಗೆ ವರ್ಗವಾಗಿತ್ತು. ಅವರ ಹತ್ತಿರ ಆಫ್ರಿಕಾ ಮೂಲದ ಒಂದು ಆಮೆ ಇತ್ತು, ಕಾಗದಪತ್ರ ಎಲ್ಲಾ ಸರಿಯಿತ್ತು. ಒಳ್ಳೆಯವರು ಸಿಕ್ಕರೆ ಸುಮ್ಮನೆ ಕೊಡುತ್ತೇನೆ ಎಂದಿದ್ದರು. ಕಾಕಾ ನನಗೆ ಫೋನು ಮಾಡಿದ. ನಾನು ಹಿರೇಬೆಂಡಿಗೇರಿಯ ಗಂಡನ ಮನೆಯಿಂದ ಕಾರು ತಂದೆ. ನೋಡಿದರೆ ಕಾಕಾ ಇಸ್ತ್ರಿ ಮಾಡಿದ ಧೋತರ ಉಟ್ಟು, ಟೊಪ್ಪಿಗೆ ಹಾಕಿ, ಖಾರದ ಪೊಟ್ಟಣ ಹಿಡಿದು ಕನ್ಯೆ ನೋಡಲು ಹೊರಟ ಹಿರಿಯನ ಹಾಗೆ ನಿಂತಿದ್ದಾನೆ!

ಅಲ್ಲಿ ಮಾಡಿದ್ದೂ ಅದೇ. "ಹೆಸರೇನವಾ?" ಎಂದು ನೇರ ಆಮೆಯನ್ನೇ ಕೇಳಿದ. ಉತ್ತರ ಬರಲಿಲ್ಲ. "ನಾಚತೈತಿ" ಅಂದ. ಆಮೇಲೆ, "ಒಂದೀಟ ನಡಿಸಿ ತೋರಸ್ತೀರೇನ್ರಿ?" ಆಮೆ ನಡೆಯಿತು. ಅದು ಕೋಣೆಯ ಆ ತುದಿಯಿಂದ ಈ ತುದಿಗೆ ಬರುವಷ್ಟರಲ್ಲಿ ನಮ್ಮದು ಅವಲಕ್ಕಿ ಆಯಿತು, ಚಹಾ ಆಯಿತು, ಎರಡನೇ ಚಹಾವೂ ಆಯಿತು. ಬಂದದ್ದೇ ಕಾಕಾನ ಧೋತರದ ಅಂಚನ್ನು ಬಾಯಲ್ಲಿ ಹಿಡಿದು ಜಗ್ಗಿತು. "ಒಪ್ಪಿಗಿ ಆತು!" ಎಂದು ಕಾಕಾ ಕೂಗಿದ. ಅವನ ಮುಖದಲ್ಲಿ ಅಂಥ ಖುಷಿಯನ್ನು ನಾನು ಎಂದೂ ಕಂಡಿರಲಿಲ್ಲ.

"ಇದಿನ್ನೂ ಸಣ್ಣದು ಸರ್" ಎಂದರು ಅಧಿಕಾರಿ. "ಬಹಳ ಆಯುಷ್ಯ ಇದಕ್ಕೆ. ನಮ್ಮ ನಿಮ್ಮ ನಂತರವೂ ಎಷ್ಟೋ ವರ್ಷ ಇರುತ್ತೆ."

ಕಾಕಾ ಧೋತರವನ್ನು ಮೆಲ್ಲಗೆ ಬಿಡಿಸಿಕೊಂಡ. ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಎದ್ದ. ಬಂಕಾಪುರ ದಾಟಿದ ಮೇಲೆ ನಾನೇ ಕೇಳಿದೆ.

"ಯಾಕ ಕಾಕಾ, ಕಾಕೂಗ ಅಂಜತೀ ಏನು?"

"ಅಲ್ಲವಾ. ನನಗ ಅರವತ್ತಾಗಾಕ ಬಂತು. ನಮಗ ಮಕ್ಕಳು ಮರಿ ಯಾರದಾರ? ನಾ ಹ್ವಾದ ದಿನಾ ಅದು ಬಾಗಲಾ ನೋಡ್ಕೋತ ಕುಂತ್ರ? ಮನಶ್ಯಾಗ ತಿಳಿಸಿ ಹೇಳಬಹುದು. ಅದಕ್ಕ ಯಾರು ಹೇಳ್ತಾರ? ಬ್ಯಾಡ, ನಾ ಸಾಕೂದಿಲ್ಲ."

ಇಷ್ಟು ವರ್ಷ ನಗುತ್ತಿದ್ದ ನನಗೆ ಆ ಹೊತ್ತು ನಗಲು ಏನೂ ಸಿಗಲಿಲ್ಲ. ಮನೆಗೆ ಬಂದು ನಡೆದದ್ದನ್ನು ಕಾಕೂಗೆ ಹೇಳಿದೆ. ಆಕೆ ರೊಟ್ಟಿ ಬಡಿಯುತ್ತಾ ಕೇಳಿಸಿಕೊಂಡಳು.

ಒಂದು ವಾರಕ್ಕೆ ಆಕೆಯದೇ ಫೋನು: "ಗಾಡಿ ತಗೊಂಡ ಬಾ. ನಿಮ್ಮ ಕಾಕಾಗ ಹೇಳಬ್ಯಾಡ."

ಹುಬ್ಬಳ್ಳಿಯಿಂದ ಬರುವಾಗ ಹಿಂದಿನ ಸೀಟಿನಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಆಮೆ. ಮುಂದಿನ ಸೀಟಿನಲ್ಲಿ ಕಾಕೂ, ಎರಡೂ ಕಾಲು ಮೇಲಿಟ್ಟುಕೊಂಡು ದಾರಿಯುದ್ದಕ್ಕೂ ಶಿವಶಿವಾ.

"ಎದ್ದ ಬಂತೇನ ನೋಡವಾ!"

"ಅದು ಮುಂದಿನ ಸೀಟಿಗಿ ಬರೂದ್ರಾಗ ಸವಣೂರ ಬಂದಿರ್ತೈತಿ ಕಾಕೂ!"

ಮನೆ ಮುಟ್ಟಿದಾಗ ಕಾಕಾ ಅಂಗಡಿಯಿಂದ ಊಟಕ್ಕೆ ಬಂದಿದ್ದ. ಬುಟ್ಟಿ ಒಳಗೆ ಒಯ್ಯಲು ಹೋದರೆ ಕಾಕೂ ತಡೆದಳು. "ಹಂಗ ಒಳಗ ಕರಕೋಬಾರ್ದು. ಹೊಸದಾಗಿ ಮನಿಗಿ ಬಂದಾರು ಸೇರು ಒದ್ದ ಬರಬೇಕು." ಹೊಸ್ತಿಲೊಳಗೆ ಅಕ್ಕಿ ತುಂಬಿದ ಸೇರು ಇಟ್ಟಳು, ಮಾರು ದೂರ ನಿಂತು ಆರತಿ ಬೆಳಗಿದಳು. ನಾನು ಆಮೆಯನ್ನು ಹೊಸ್ತಿಲು ದಾಟಿಸಿ ಸೇರಿನ ಮುಂದೆ ಬಿಟ್ಟೆ. ಅದು ಸೇರನ್ನು ಒದೆಯಲಿಲ್ಲ, ತಲೆಯಿಂದ ನೂಕಿ ಕೆಡವಿ, ಅಕ್ಕಿ ತುಳಿದುಕೊಂಡು ಒಳಗೆ ನಡೆಯಿತು. ಕಾಕಾ ನೋಡುತ್ತಾ ನಿಂತೇ ಇದ್ದ.

"ಯಾಕ ತಂದೀಲೇ? ಬ್ಯಾಡ ಅಂದಿದ್ನಲ್ಲ" ಎಂದವನೇ ಹಕ್ಕರಿಕೆ ಸೊಪ್ಪು ತೆಗೆದುಕೊಂಡು ಆಮೆಯ ಕಡೆ ಬಗ್ಗಿದ. ಕಾಕೂ ಆ ಸೊಪ್ಪನ್ನು ಕಸಿದುಕೊಂಡಳು.

"ಸರೀರಿ. ನಾ ಹಾಕ್ತೇನಿ."

"ನಿನಗ ಅಂಜಿಕಿ ಅಲ್ಲೇನು?"

"ಐತಿ." ಕಣ್ಣು ಮುಚ್ಚಿ ಕೈ ಮುಂದೆ ಮಾಡಿದಳು. "ನೀವು ಹ್ವಾದ ಮ್ಯಾಲ ಇದು ನನ್ ಕೂಡನ ಇರೂದೈತಲ್ರೀ. ಈಗಿಂದನ ಗುರ್ತಾಗ್ಲಿ. ನನ್ನ ನಂತ್ರ ಇಕಿ ಅದಾಳ" ಎಂದು ನನ್ನತ್ತ ಗೋಣು ತಿರುಗಿಸಿದಳು.

ಚೆಲ್ಲಿದ ಅಕ್ಕಿಯ ನಡುವೆಯೇ ಕಾಕಾ ಕುಳಿತುಬಿಟ್ಟ. ನಾನು ಅತ್ತುಬಿಟ್ಟೆ. ಆಮೆ ನಿಧಾನವಾಗಿ ಕತ್ತು ಚಾಚಿ ಕಾಕೂನ ಕೈಯಿಂದ ಸೊಪ್ಪು ತೆಗೆದುಕೊಂಡಿತು. ಆಕೆ ಕೈ ಹಿಂದೆ ಎಳೆದುಕೊಳ್ಳಲಿಲ್ಲ.