ನನ್ನ ರಕ್ತ, ರಂಗಪ್ಪನ ಊಟ

ಮೊದಲೇ ಹೇಳಿಬಿಡುತ್ತೇನೆ. ನನಗೆ ಐವತ್ತು ದಾಟಿದೆ. ಮೊನ್ನೆಮೊನ್ನೆಯವರೆಗೂ ಶುಗರ್ ಇರಲಿಲ್ಲ, ಬಿಪಿ ಇರಲಿಲ್ಲ, ಕೊಲೆಸ್ಟ್ರಾಲ್ ಇರಲಿಲ್ಲ. ಯಾಕೆಂದರೆ ಅಲ್ಲಿಯವರೆಗೆ ಒಂದನ್ನೂ ಟೆಸ್ಟ್ ಮಾಡಿಸಿರಲಿಲ್ಲ!

ಹೊಳೆನರಸೀಪುರದಲ್ಲಿ ನನ್ನದೊಂದು ಪೈಪು, ಪಂಪ್‌ಸೆಟ್ ಸಾಮಾನಿನ ಅಂಗಡಿ. ಅಂಗಡಿಯ ಅಟ್ಟ ಹತ್ತಿದರೆ ನನಗೆ ಏದುಸಿರು ಬರುತ್ತದೆ. ಅಟ್ಟದ ಮೆಟ್ಟಿಲು ಸರಿಯಿಲ್ಲ ಎನ್ನುವುದು ನನ್ನ ವಾದ. ಅದೇ ಮೆಟ್ಟಿಲನ್ನು ಪೈಪಿನ ಕಟ್ಟು ಹೊತ್ತುಕೊಂಡು ಹತ್ತುವ ನನ್ನ ಹೆಂಡತಿ ಪ್ರೇಮಾಳ ವಾದ ಬೇರೆ. "ಒಂದ್ಸಲ ಡಾಕ್ಟ್ರಿಗೆ ತೋರ್ಸ್ರೀ" ಎಂದು ವರ್ಷಗಳಿಂದ ಹೇಳುತ್ತಿದ್ದಾಳೆ. ಬೇರೆ ಎಲ್ಲ ಮಾತನ್ನೂ ನಗುತ್ತಾ ಹೇಳುವವಳು ಇದೊಂದನ್ನು ಹೇಳುವಾಗ ನಗುವುದಿಲ್ಲ. ಅದಕ್ಕೇ ನನಗೆ ಆ ಮಾತೆಂದರೆ ಭಯ.

ಹೀಗಿರುವಾಗ ಒಂದು ಭಾನುವಾರ ಚೈತ್ರ ಮನೆಗೆ ಬಂದಳು. ಚನ್ನರಾಯಪಟ್ಟಣದಲ್ಲಿರುವ ನಮ್ಮಕ್ಕನ ಮಗಳು, ಹಾಸನದ ಒಂದು ಲ್ಯಾಬಿನಲ್ಲಿ ಸಂಶೋಧನೆ ಮಾಡುತ್ತಾಳೆ. ಕಾಫಿ ಕುಡಿಯುತ್ತಾ ಕೇಳಿದಳು: "ಮಾವ, ನಮ್ಮ ಕೆಲ್ಸಕ್ಕೆ ಆರೋಗ್ಯವಾಗಿರೋರು ಬೇಕು. ಬರ್ತೀರಾ?"

ಆರೋಗ್ಯವಾಗಿರೋರು! ಅವಳು ಬಂದಿದ್ದು ನನ್ನ ಹತ್ತಿರ! ಕೂತಲ್ಲೇ ಎದೆ ಉಬ್ಬಿತು.

ವಿಷಯ ಇಷ್ಟು. ನಾವು ತಿಂದದ್ದು ಮೈಯೊಳಗೆ ಶಕ್ತಿಯಾಗುತ್ತದಲ್ಲ, ಆ ದಾರಿಯಲ್ಲಿ ಲ್ಯಾಕ್ಟೇಟ್, ಸಿಟ್ರೇಟ್, ಕೀಟೋನ್ ಅಂತ ಏನೇನೋ ಹುಟ್ಟುತ್ತವಂತೆ. ರಕ್ತದಲ್ಲಿ ಯಾವುದು ಎಷ್ಟಿದೆ ಎಂದು ಹೇಳಲು ಮಾಸ್ ಸ್ಪೆಕ್ಟ್ರೋಮೀಟರ್ ಎಂಬ ಯಂತ್ರವಿದೆಯಂತೆ. ಸದಾ ಸುಸ್ತು ಎನ್ನುವ ರೋಗಿಗಳ ರಕ್ತವನ್ನು ಆರೋಗ್ಯವಂತರ ರಕ್ತದ ಜೊತೆ ಹೋಲಿಸಿ ನೋಡುವುದು ಅವಳ ಕೆಲಸ.

"ಅಂದ್ರೆ ತಕ್ಕಡಿ ಅನ್ನು" ಎಂದೆ.

"ಹೂಂ, ಕಣ್ಣಿಗೆ ಕಾಣ್ದೇ ಇರೋದನ್ನ ತೂಗೋ ತಕ್ಕಡಿ ಅಂದ್ಕೊಳಿ. ಆದ್ರೆ ಮಾವ, ಇದು ಪರೀಕ್ಷೆ ಅಲ್ಲ. ಹಿಂದಿನ ದಿನ ಮಾಮೂಲಿ ಊಟ ಮಾಡಿ. ರಾತ್ರಿ ಊಟ ಆದ್ಮೇಲೆ ನೀರು ಬಿಟ್ಟು ಇನ್ನೇನೂ ಬೇಡ. ಓಡೋದು, ಭಾರ ಎತ್ತೋದು ಬೇಡ. ಯಾವತ್ತೂ ಹೇಗಿರ್ತೀರೋ ಹಾಗೇ ಬಂದ್ಬಿಡಿ."

ಅವಳು ಬಸ್ ಹತ್ತುವ ಮೊದಲೇ ನಾನು ಫೇಸ್‌ಬುಕ್ಕಿನಲ್ಲಿ ಫೋಟೋ ಹಾಕಿದ್ದೆ. "ಆರೋಗ್ಯವಂತ ಮನುಷ್ಯನ ಮಾದರಿಯಾಗಿ ವಿಜ್ಞಾನ ನನ್ನನ್ನು ಆರಿಸಿಕೊಂಡಿದೆ. ತಮ್ಮೆಲ್ಲರ ಹಾರೈಕೆಯಿರಲಿ." ಲೈಕುಗಳ ಸುರಿಮಳೆ. ಅರಕಲಗೂಡಿನ ನನ್ನ ಬಾಮೈದ ನಾಗೇಶನಂತೂ ಕೈಮುಗಿಯುವ ಗೊಂಬೆಯನ್ನು ಸಾಲಾಗಿ ಹಾಕಿದ್ದ.

ಭಯ ಶುರುವಾಗಿದ್ದು ಆಮೇಲೆ. ತಕ್ಕಡಿ ಎಂದರೆ ಏನು ಎಂದು ಅಂಗಡಿಯವನಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿರುವುದಿಲ್ಲ. ಯಾವತ್ತೂ ಹೇಗಿರ್ತೀರೋ ಹಾಗೇ ಬನ್ನಿ ಅಂದಳಲ್ಲ, ನಾನು ಯಾವತ್ತೂ ಹೇಗಿರುತ್ತೇನೆ? ಬೆಳಿಗ್ಗೆ ಮಸಾಲೆ ದೋಸೆ, ಸಂಜೆ ಬಸ್‌ಸ್ಟ್ಯಾಂಡ್ ಪಕ್ಕದ ಬೋಂಡ, ನಡುವೆ ಲೆಕ್ಕಕ್ಕೆ ಸಿಗದಷ್ಟು ಕಾಫಿ. ಇದನ್ನು ವಿಜ್ಞಾನಕ್ಕೆ ತೋರಿಸುವುದೇ? ಊರಿಗೆಲ್ಲ ಸಾರಿದ ಮೇಲೆ "ಇವರು ಆರೋಗ್ಯವಂತರಲ್ಲ" ಎಂದುಬಿಟ್ಟರೆ? ಅಥವಾ ಪ್ರೇಮಾ ನಗದೇ ಹೇಳುವ ಮಾತು ನಿಜವಾಗಿಬಿಟ್ಟರೆ?

ಆದ್ದರಿಂದ ಘನವಾದ ತೀರ್ಮಾನವೊಂದನ್ನು ಕೈಗೊಂಡೆ. ರಕ್ತವನ್ನು ತೊಳೆದು ಕೊಡುವುದು!

ರಾತ್ರಿ ಮಾತ್ರ ಉಪವಾಸ ಎಂದಿದ್ದಳು. ನಾನು ಎರಡು ದಿನ ಮೊದಲೇ ಊಟ ಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ. ಬೆಳಿಗ್ಗೆ "ಹೋಟ್ಲಲ್ಲಿ ತಿಂತೀನಿ", ರಾತ್ರಿ "ಅಂಗಡೀಲೇ ತಿಂದೆ". ಕಷ್ಟ ಬಂದಿದ್ದು ಮಧ್ಯಾಹ್ನದ ಕ್ಯಾರಿಯರ್‌ನಿಂದ. ಪ್ರೇಮಾ ಕಳಿಸಿದ ಕ್ಯಾರಿಯರ್ ಖಾಲಿಯಾಗಿಯೇ ವಾಪಸ್ ಹೋಗಬೇಕು.

ಪಕ್ಕದ ಪಂಕ್ಚರ್ ಅಂಗಡಿಯ ರಂಗಪ್ಪನನ್ನು ಕರೆದೆ. ಅವನೂ ನಾನೂ ಒಟ್ಟಿಗೆ ಓದಿದವರು, ಒಟ್ಟಿಗೇ ಫೇಲಾದವರು.

"ನೀನು ಉಣ್ಣಾಕಿಲ್ವಾ?"

"ವಿಜ್ಞಾನದ ಕೆಲಸ ಕಣೋ."

"ಅಂಗಾದ್ರೆ ಸರಿ" ಎಂದು ರಂಗಪ್ಪ ವಿಜ್ಞಾನಕ್ಕಾಗಿ ಮುದ್ದೆ ಮುರಿದ.

ಮರುದಿನದ ಕ್ಯಾರಿಯರ್ ಮುಚ್ಚಳ ತೆಗೆದರೆ ನಾಟಿಕೋಳಿ ಸಾರು! ನಾಳೆ ಗಂಡ ರಕ್ತ ಕೊಡುತ್ತಾನೆ, ಮೈಯಲ್ಲಿ ಶಕ್ತಿ ಇರಲಿ ಎಂದು ಪ್ರೇಮಾ ಬೆಳಿಗ್ಗೆಯೇ ಎದ್ದು ಮಾಡಿ ಕಳಿಸಿದ್ದಳು. ನಾನು ಮುಖ ತಿರುಗಿಸಿ ಕೂತೆ. ರಂಗಪ್ಪ ಮೂಳೆ ಚೀಪುವ ಸದ್ದು ಇಡೀ ಅಂಗಡಿಗೆ ಕೇಳುತ್ತಿತ್ತು.

"ಲೇ ಮಂಜ, ಊಟ ಬುಟ್ರೆ ಸಾಲಾಕಿಲ್ಲ ಕಣ್ಲಾ" ಎಂದ ಬೆರಳು ನೆಕ್ಕುತ್ತಾ. "ಬೆಳಗ್ಗೆ ಒಸಿ ಓಡು. ಕೊಳೆ ಎಲ್ಲ ಬೆವ್ರಲ್ಲಿ ಓಯ್ತದೆ."

ಹೊಟ್ಟೆ ತುಂಬಿದವನ ಸಲಹೆಯನ್ನು ಹಸಿದವನು ಕೇಳಬಾರದು. ನಾನು ಕೇಳಿದೆ.

ಮರುದಿನ ಬೆಳಿಗ್ಗೆ ಹೊಳೆ ದಾರಿಯಲ್ಲಿ ಓಡಿದೆ. ಆ ಓಟದಿಂದ ತಡವಾಗಿ, ಹಾಸನದ ಬಸ್ಸಿನ ಹಿಂದೆಯೂ ಓಡಿದೆ. ಪ್ರೇಮಾ ಮೊದಲೇ ಹತ್ತಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ, "ನಿಲ್ಸಿ, ನಿಲ್ಸಿ, ಅಗೋ ಬತ್ತಾವ್ರೆ!" ಎಂದು ಕಂಡಕ್ಟರನಿಗೆ ಕೂಗುತ್ತಿದ್ದಳು. ಹತ್ತಿ ಕೂತಾಗ ಕಣ್ಣೆದುರು ಚುಕ್ಕಿ ಕುಣಿಯುತ್ತಿದ್ದವು.

"ಯಾಕ್ರೀ ಮೊಕ ಹಿಂಗಾಗದೆ?"

"ಆರೋಗ್ಯ" ಎಂದೆ.

ಲ್ಯಾಬು ಮೇಲಿನ ಮಹಡಿಯಲ್ಲಿತ್ತು. ಚೈತ್ರ ಮೆಟ್ಟಿಲ ತುದಿಯಲ್ಲಿ ನಿಂತು ನೋಡುತ್ತಿದ್ದಾಳೆ! ಏದುಸಿರು ಕಾಣಿಸಬಾರದೆಂದು ಉಸಿರು ಬಿಗಿಹಿಡಿದು ಓಡಿಯೇ ಹತ್ತಿದೆ. ಅವಳು ನನ್ನನ್ನು ಕುರ್ಚಿಯಲ್ಲಿ ಕೂರಿಸಿ, "ಮಾವ, ಅಲ್ಲಾಡ್ಬೇಡಿ. ಅರ್ಧ ಗಂಟೆ ಸುಮ್ನೆ ಕೂತಿರಿ" ಎಂದು ಒಳಗೆ ಹೋದಳು. ಸುಮ್ಮನೆ ಕೂತರೆ ಓಡಿ ಓಡಿ ಶುದ್ಧ ಮಾಡಿದ ರಕ್ತ ಮತ್ತೆ ಕೆಡುವುದಿಲ್ಲವೇ? ಪ್ರೇಮಾಳಿಗೆ ಬಾತ್‌ರೂಮ್ ಎಂದು ಹೇಳಿ ಎದ್ದು, ಅದೇ ಮೆಟ್ಟಿಲನ್ನು ಇಳಿದು, ಹತ್ತಿ, ಮತ್ತೆ ಇಳಿದು, ಹತ್ತಿ ಬಂದು ಕೂತೆ. ಸೂಜಿ ಹಿಡಿದು ಬಂದ ನರ್ಸಮ್ಮ "ಕೈ ಸಡಿಲ ಬಿಡಿ" ಎಂದರು. ಸಡಿಲ ಬಿಟ್ಟರೆ ದುರ್ಬಲ ಎಂದುಕೊಂಡಾರು! ಮುಷ್ಟಿಯನ್ನು ಬಿಗಿದು, ಬಿಟ್ಟು, ಬಿಗಿದು ತೋಳಿನ ಬಲ ಪ್ರದರ್ಶಿಸಿದೆ.

"ಹೇಳಿದ ಹಾಗೇ ಮಾಡಿದೀರಲ್ವಾ ಮಾವ?" ಎಂದಳು ಚೈತ್ರ.

"ಅಕ್ಷರಶಃ!"

ಅವಳಿಗೆ ನಮ್ಮ ವಯಸ್ಸಿನ ಹೆಂಗಸರ ಸ್ಯಾಂಪಲ್ಲೂ ಬೇಕಿತ್ತು. "ಅತ್ತೆ, ನೀವೂ ಕೊಡ್ತೀರಾ?"

"ನಂದ್ಯಾಕವ್ವಾ? ನಾನೇನೂ ತಯಾರಾಗಿಲ್ಲ" ಎಂದಳು ಪ್ರೇಮಾ. "ರಾತ್ರಿ ಮುದ್ದೆ ಉಂಡು ಮನೀಕಂಡೆ. ಬೆಳಗ್ಗೆ ಇವ್ರ ಗಲಾಟೇಲಿ ನೀರು ಬುಟ್ರೆ ಏನೂ ಕುಡ್ದಿಲ್ಲ."

"ಅಷ್ಟೇ ಬೇಕಾಗಿದ್ದು" ಎಂದಳು ಚೈತ್ರ. ಪಾಪ, ತಯಾರಿಯಿಲ್ಲದೆ ಪರೀಕ್ಷೆಗೆ ಕೂರುತ್ತಿದ್ದಾಳೆ ಎಂದು ಹೆಂಡತಿಯ ಮೇಲೆ ನನಗೆ ಕನಿಕರವಾಯಿತು.

ಕೆಲವು ವಾರ ಕಳೆದವು. ಒಂದು ಮಧ್ಯಾಹ್ನ ಚೈತ್ರಳ ಫೋನು.

"ಮಾವ, ಗಾಬರಿ ಆಗ್ಬೇಡಿ. ನಿಮ್ಮ ರಿಪೋರ್ಟ್ ವಿಚಾರ ನಮ್ಮ ಮೇಡಂ ಮಾತಾಡ್ಬೇಕಂತೆ. ಶುಕ್ರವಾರ ಬರೋಕಾಗುತ್ತಾ?"

ಗಾಬರಿ ಆಗ್ಬೇಡಿ! ಕನ್ನಡದಲ್ಲಿ ಇದಕ್ಕಿಂತ ಗಾಬರಿಯ ಮಾತು ಇನ್ನೊಂದಿಲ್ಲ. ಏನು ಎಂದೂ ಕೇಳದೆ "ಆಗುತ್ತೆ" ಎಂದು ಇಟ್ಟುಬಿಟ್ಟೆ. ಅಟ್ಟ ಹತ್ತಿದಾಗಿನ ಏದುಸಿರುಗಳೆಲ್ಲ ಸಾಲಾಗಿ ನೆನಪಾದವು. ಮೊಬೈಲಿನಲ್ಲಿ ಹುಡುಕಿದೆ. ಅದರ ಪ್ರಕಾರ ನನಗೆ ಇಲ್ಲದ ಕಾಯಿಲೆಯೇ ಇರಲಿಲ್ಲ.

ಪ್ರೇಮಾಳನ್ನು ಕೂರಿಸಿಕೊಂಡು ವ್ಯವಹಾರ ಒಪ್ಪಿಸಲು ಹೊರಟೆ. "ನೋಡು, ಬೀರು ಬೀಗದ ಕೈ..."

"ನನ್ ಸೊಂಟದಲ್ಲೇ ಅದೆ."

"ಬ್ಯಾಂಕಿನ ಪಾಸ್‌ಬುಕ್ಕು..."

"ನಾನೇ ಎತ್ತಿಟ್ಟಿವ್ನಿ. ಏನಾಯ್ತು ಹೇಳ್ರೀ."

ಹೇಳಿದೆ. ಅವಳು ಎದ್ದು ಒಳಗೆ ಹೋದಳು. ಅಡುಗೆಮನೆಯಲ್ಲಿ ಪಾತ್ರೆಯ ಸದ್ದೇ ಇಲ್ಲ. ಮದುವೆಯಾದಾಗಿನಿಂದ ಆ ಅಡುಗೆಮನೆ ಅಷ್ಟು ನಿಶ್ಶಬ್ದವಾಗಿದ್ದನ್ನು ನಾನು ಕೇಳಿರಲಿಲ್ಲ. ಆಗ ಮಾತ್ರ ನನಗೆ ನಿಜವಾಗಿಯೂ ಭಯವಾಯಿತು.

ತಡೆಯಲಾರದೆ ಫೇಸ್‌ಬುಕ್ಕಿನಲ್ಲಿ ಒಂದು ಸಾಲು ಬರೆದೆ: "ಈ ದೇಹ ಗಾಳಿಗಿಟ್ಟ ದೀಪ." ಅಷ್ಟೇ! ಚನ್ನರಾಯಪಟ್ಟಣದಿಂದ ಅಕ್ಕ ಫೋನ್ ಮಾಡಿ, "ಲೇ ಮಂಜ, ಏನಾಯ್ತಲಾ ನಿಂಗೆ? ನನ್ ಮಗಳು ಆ ಮಿಷಿನ್ಗೆ ನಿನ್ನ ಯಾಕ್ಲಾ ಹಾಕ್ದ್ಲು?" ಎಂದು ಅತ್ತಳು. ಅರಕಲಗೂಡಿನಿಂದ ನಾಗೇಶ ಜೀಪಿನಲ್ಲಿ ಎಳನೀರಿನ ಗೊನೆ ಹೇರಿಕೊಂಡು ಬಂದಿಳಿದ. ರಂಗಪ್ಪ ಬಾಳೆಹಣ್ಣು ಹಿಡಿದು ಬಂದವನು ನನ್ನ ಮುಖವನ್ನೇ ನೋಡುತ್ತಾ, ಅದರಲ್ಲೇ ಒಂದೊಂದು ಸುಲಿದು ತಿನ್ನುತ್ತಾ ಕೂತ.

ಶುಕ್ರವಾರ ಜೀಪು ಹಾಸನಕ್ಕೆ ಹೊರಟಿತು. ಮುಂದೆ ನಾಗೇಶ, ಹಿಂದೆ ನಾನು, ಪ್ರೇಮಾ, ಎಳನೀರು ಮತ್ತು ಬೇಡ ಎಂದರೂ ಹತ್ತಿದ ರಂಗಪ್ಪ. ಪ್ರೇಮಾ ದಾರಿಯುದ್ದಕ್ಕೂ ನನ್ನ ಕೈ ಹಿಡಿದಿದ್ದಳು. ನಾಗೇಶನ ಎದುರು ಹಾಗೆ ಕೈ ಹಿಡಿಯುವವಳೇ ಅಲ್ಲ ಅವಳು.

ಮೇಡಂ ಶಾಂತ ಸ್ವಭಾವದ ಹೆಂಗಸು. ಚೈತ್ರ ಪಕ್ಕದಲ್ಲಿ ನಿಂತಿದ್ದಳು. ಮೇಡಂ ಕಂಪ್ಯೂಟರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು.

"ನೀವು ಆರಾಮಾಗಿ ನಡೀತೀರಾ?"

"ನಡೀತೀನಿ ಮೇಡಂ. ಸದ್ಯಕ್ಕೆ."

"ಆಶ್ಚರ್ಯ. ನಿಮ್ಮ ರಕ್ತದಲ್ಲಿರೋ ಕೀಟೋನ್ ನೋಡಿದ್ರೆ ದಿನಗಟ್ಟಲೆ ಊಟ ಕಾಣದೇ ಇರೋ ಮನುಷ್ಯ ಅನ್ಸುತ್ತೆ. ಲ್ಯಾಕ್ಟೇಟ್ ನೋಡಿದ್ರೆ ಆನೆ ಅಟ್ಟಿಸ್ಕೊಂಡು ಬಂದು, ಈಗ ತಾನೇ ತಪ್ಪಿಸ್ಕೊಂಡೋರು ಅನ್ಸುತ್ತೆ. ಮಾಮೂಲಿ ಊಟ ಮಾಡಿ, ಸುಮ್ನೆ ಕೂತಿದ್ದೋರಲ್ಲಿ ಇದು ಬಂದಿದ್ರೆ ಯೋಚನೆ ಮಾಡಬೇಕಾದ ವಿಷಯ. ಅದಕ್ಕೇ ಕೇಳ್ತಿದೀನಿ. ಹಿಂದಿನ ದಿನ ಊಟ ಮಾಡಿದ್ರಾ?"

ನನ್ನ ಕೈ ಹಿಡಿದಿದ್ದ ಪ್ರೇಮಾಳ ಹಿಡಿತ ಬಿಗಿಯಾಯಿತು. "ಮಾಡವ್ರೆ ಮೇಡಂ. ನಾನೇ ಕೋಳಿ ಸಾರು ಮಾಡಿ ಕಳ್ಸಿದ್ದೆ. ಕ್ಯಾರಿಯರ್ ತೊಳ್ದಂಗೆ ಖಾಲಿಯಾಗಿ ಬಂತು." ಅವಳು ಕುರ್ಚಿಯ ಅಂಚಿಗೆ ಸರಿದಳು. "ಅಷ್ಟು ಉಂಡ್ರೂ ಮೈಗೆ ಅತ್ತಿಲ್ಲ ಅಂದ್ರೆ ಅದ್ಯಾವ ಕಾಯಿಲೆ ಮೇಡಂ?"

ಮೇಡಂ ಮುಖ ಗಂಭೀರವಾಯಿತು. ಹೆಂಡತಿಯ ಕಣ್ಣಲ್ಲಿ ನೀರು ನಿಂತಿರುವಾಗ "ನಾನು ಉಣ್ಣಲಿಲ್ಲ" ಎನ್ನುವುದು ಸಾಯುವುದಕ್ಕಿಂತ ಕಷ್ಟ ಎಂದು ಅವತ್ತು ಗೊತ್ತಾಯಿತು.

ಬಾಗಿಲ ಹತ್ತಿರ ನಿಂತಿದ್ದ ರಂಗಪ್ಪ ಕೆಮ್ಮಿದ.

"ಮೇಡಂ, ಆ ಸಾರು ನನ್ ರಕ್ತದಾಗೆ ಅದೆ."

"ಏನಂದ್ರಿ?"

"ಎಲ್ಡು ದಿನ ಇವನ ಊಟ ನಾನೇ ಉಂಡಿವ್ನಿ ಮೇಡಂ. ಓಡು ಅಂತಾನೂ ನಾನೇ ಅಂದೆ. ಇವ್ನು ನಿಜ್ವಾಗ್ಲೂ ಓಡ್ತಾನೆ ಅಂದ್ಕಂಡಿರ್ನಿಲ್ಲ!"

ಚೈತ್ರ ಫೈಲಿನಿಂದ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ಪ್ರೇಮಾ ನನ್ನ ಕೈ ಬಿಟ್ಟಳು. ಬಿಟ್ಟಳು ಎಂದರೆ ಎಸೆದಳು.

"ಬೆಳಗ್ಗೆ ಎದ್ದು ಮಸಾಲೆ ರುಬ್ಬಿದ್ದೆ ಕಣ್ರೀ! ಎದೆ ಭಾಗ ಒಂದು ಚೂರೂ ನಾನು ತಿನ್ನದೆ ನಿಮ್ಗೆ ಅಂತ ಹಾಕಿದ್ದೆ! ಮೂರು ದಿನದಿಂದ ನಾನು ಕಣ್ಣು ಮುಚ್ಚಿಲ್ಲ! ನಿಮ್ ಮುಡಿ ಕೊಡುಸ್ತೀನಿ ಅಂತ ಮನೆದೇವ್ರಿಗೆ ಅರಕೆ ಬ್ಯಾರೆ ಕಟ್ಕಂಡಿವ್ನಿ!" ಎನ್ನುತ್ತಲೇ ಅಳು ಮುಗಿದು ನಗು ಶುರುವಾಯಿತು. ಎರಡೂ ಒಟ್ಟಿಗೆ ಬಂದದ್ದರಿಂದ ಸೆರಗಿಗೆ ಕೆಲಸ ಹೆಚ್ಚಾಯಿತು.

ಮೇಡಂ ತೀರ್ಪು ಕೊಟ್ಟರು. ನನ್ನ ರಕ್ತ ರೋಗಿಗಳ ಗುಂಪಿಗೂ ಸೇರುವುದಿಲ್ಲ, ಆರೋಗ್ಯವಂತರ ಗುಂಪಿಗೂ ಸೇರುವುದಿಲ್ಲ. ಪಟ್ಟಿಯಿಂದ ಹೊರಗೆ! "ನಿಮ್ಮ ಮನೆಯವರ ಸ್ಯಾಂಪಲ್ ಮಾತ್ರ ತುಂಬಾ ಚೆನ್ನಾಗಿ ಬಂದಿದೆ. ಅಚ್ಚುಕಟ್ಟು" ಎಂದರು. ಅಂದರೆ ಇನ್ನು ಮುಂದೆ ಊರಿನ ಸುಸ್ತಾದವರನ್ನೆಲ್ಲ ನನ್ನ ಹೆಂಡತಿಯ ಜೊತೆ ಹೋಲಿಸಿ ನೋಡುತ್ತಾರೆ. ನನ್ನನ್ನು ಅವಳ ಜೊತೆ ಹೋಲಿಸಿ ನೋಡುವುದಕ್ಕೆ ನಮ್ಮ ನೆಂಟರಿಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ ಎನ್ನುವುದು ಬೇರೆ ಮಾತು.

ಹಾಸನದಿಂದ ಹೊರಡುವ ಮೊದಲು ಪ್ರೇಮಾ ನನ್ನ ರಟ್ಟೆ ಹಿಡಿದು ಒಬ್ಬ ಡಾಕ್ಟರ ಮುಂದೆ ಕೂರಿಸಿದಳು. ಅಲ್ಲಿ ಗೊತ್ತಾಗಿದ್ದು: ಶುಗರ್ ಅಂಚಿನಲ್ಲಿದೆ, ಕಾಯಿಲೆ ಇನ್ನೂ ಆಗಿಲ್ಲ, ನಡೆಯಬೇಕು, ಬೋಂಡ ಬಿಡಬೇಕು. ಬರುವಾಗ ಜೀಪಿನಲ್ಲಿ ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ರಂಗಪ್ಪ ಎಳನೀರನ್ನೆಲ್ಲ ಮುಗಿಸಿದ.

ಹರಕೆ ಹರಕೆಯೇ. ಉಳಿದಿದ್ದ ನಾಲ್ಕು ಕೂದಲನ್ನೂ ಮನೆದೇವರಿಗೆ ಒಪ್ಪಿಸಿದೆ. ಬೋಳು ತಲೆಯ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿ, ನಡೆದದ್ದೇನೆಂದು ಹೇಳದೆ, ಕೇವಲ "ದೇವರ ದಯೆ" ಎಂದು ಗಂಭೀರವಾಗಿ ಬರೆದೆ.

ಕೆಳಗೆ ರಂಗಪ್ಪನ ಕಾಮೆಂಟು ಬಂತು: "ಮಂಜ, ಆ ಕೋಳಿ ಸಾರಿನ ರುಚಿ ಇನ್ನೂ ನಾಲ್ಗೆ ಮ್ಯಾಲೆ ಅದೆ. ಮುಂದಿನ ಟೆಸ್ಟ್ ಯಾವಾಗ್ಲಾ?"

ಅದಕ್ಕೆ ಮೊದಲ ಲೈಕ್ ಒತ್ತಿದವಳು ನನ್ನ ಹೆಂಡತಿ!