ಬರ್ಗಂಡಿಯಲ್ಲಿ ನನ್ನ ಸೈಕಲ್ ದಿಗ್ವಿಜಯ

ನನಗೆ ಸಿಟ್ಟು ಬರುವುದಿಲ್ಲ. ಈ ಮಾತನ್ನು ನಮ್ಮ ವುಡ್‌ಬ್ರಿಡ್ಜಿನ ಮನೆಯಲ್ಲಿ ಎಷ್ಟು ಜೋರಾಗಿ ಕೂಗಿ ಹೇಳಿದರೂ ಹೆಂಡತಿ ಈರವ್ವ ನಂಬುವುದಿಲ್ಲ. ಮಗಳು ಐಶ್ವರ್ಯಾ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಆದರೆ ಆ ಯುಗಾದಿಯ ದಿನ ಸಿಟ್ಟು ಬರಿಸಿದವನು ವೇಣುಗೋಪಾಲ. ತಪ್ಪು ಪೂರಾ ಅವನದೇ.

ವೇಣುಗೋಪಾಲ ಮೈಸೂರಿನವನು, ಯೂನಿಯನ್‌ವಿಲ್ಲಿನಲ್ಲಿ ಸಾಫ್ಟ್‌ವೇರು. ನಾನು ನವಲಗುಂದದ ಕಡೆಯವನು. ಏಳನೇ ಇಯತ್ತೆಯಲ್ಲಿ ಶಾಲೆಗೆ ಶರಣು ಹೊಡೆದು, ಈಗ ಈ ಪರದೇಶದಲ್ಲಿ ಸೋಫಾ ಮಾಡುವ ಕಾರ್ಖಾನೆಯಲ್ಲಿ ಫೋರ್‌ಮನ್ನು. ಕನ್ನಡ ಸಂಘದ ಹಬ್ಬದೂಟಕ್ಕೆ ಅಕ್ಕಪಕ್ಕ ಕುಳಿತಿದ್ದೆವು.

"ಸೆಪ್ಟೆಂಬರಲ್ಲಿ ಫ್ರಾನ್ಸಿಗೆ ಹೋಗ್ತಿದೀನಿ," ಎಂದ ಅವನು, ಕೋಸಂಬರಿ ಅಗಿಯುತ್ತ. "ಬರ್ಗಂಡಿ ಅಂತ. ಬರೀ ದ್ರಾಕ್ಷಿ ತೋಟ. ಮಧ್ಯೆ ಸಣ್ಣ ಸಣ್ಣ ರಸ್ತೆ. ಒಂದು ಕಾರಿಲ್ಲ, ಒಂದು ಹಾರ್ನಿಲ್ಲ. ಸೈಕಲ್ಲಲ್ಲಿ ಊರಿಂದ ಊರಿಗೆ."

ನನ್ನ ಕೈಯಲ್ಲಿದ್ದ ಹೋಳಿಗೆ ಬಾಯಿಯವರೆಗೆ ಬಂದು ನಿಂತಿತು. ದಿನಾ ಬೆಳಿಗ್ಗೆ ಹೈವೇಯ ಮೇಲೆ ಟ್ರಕ್ಕುಗಳ ಹಿಂಭಾಗ ನೋಡುತ್ತ ತೆವಳುವ ನನಗೆ, ಕಾರಿಲ್ಲದ ರಸ್ತೆ ಎಂದರೆ ಸಾಕ್ಷಾತ್ ಕೈಲಾಸ.

"ನಾವೂ ಬರಬಹುದೇನ್ರಿ?"

"ನಿಮಗ್ಯಾಕೆ ಬಿಡಿ ದ್ಯಾಮಣ್ಣೋರೇ. ದಿನಾ ಅಷ್ಟು ದೂರ ತುಳಿಯೋಕೆ ಸ್ವಲ್ಪ ಫಿಟ್‌ನೆಸ್ ಬೇಕು." ನನ್ನ ಹೊಟ್ಟೆಯ ಕಡೆ ಕಣ್ಣು ಹಾಯಿಸಿ, "ಹಾಂ, ಲಗೇಜಿಗೆ ಅಂತ ಒಂದು ವ್ಯಾನ್ ಇರುತ್ತೆ. ಸುಸ್ತಾದೋರು ಅದರಲ್ಲಿ ಕೂತ್ಕೋಬಹುದು," ಎಂದ.

ಕ್ಯಾರಿಯರಿಗೆ ಜೋಳದ ಚೀಲ ಕಟ್ಟಿ, ಮುಂದಿನ ಬಾರಿನ ಮೇಲೆ ತಮ್ಮನನ್ನು ಕೂರಿಸಿಕೊಂಡು, ಎರೆಮಣ್ಣಿನ ದಾರಿಯಲ್ಲಿ ನವಲಗುಂದದಿಂದ ಅಣ್ಣಿಗೇರಿಗೆ ಹೋದವನು ನಾನು. ಎದ್ದು ನಿಂತೆ. ಪಕ್ಕದವರ ಸಾರು ಚೆಲ್ಲಿತು.

"ನಾ ಬರ್ತೀನಿ. ನಮ್ಮಾಕಿನೂ ಬರ್ತಾಳ. ಆ ವ್ಯಾನಿನ್ಯಾಗ ನಾ ಒಂದ ದಿನಾನೂ ಕುಂಡ್ರಂಗಿಲ್ಲ. ಇಷ್ಟ ಮಂದಿ ಮುಂದ ಹೇಳೇನಿ, ಬರದಿಟ್ಕೋರಿ."

ಇಡೀ ಪಂಕ್ತಿ ಚಪ್ಪಾಳೆ ತಟ್ಟಿತು. ಈರವ್ವ ಮಾತ್ರ ತಟ್ಟಲಿಲ್ಲ. ಕಾರಿನಲ್ಲಿ ಸೀಟ್ ಬೆಲ್ಟು ಹಾಕಿಕೊಂಡ ಮೇಲೆ ಕೇಳಿದಳು.

"ನನಗ ಸೈಕಲ್ ಹೊಡಿಯಾಕ ಬರತೈತಿ ಅಂತ ನಿಮಗ ಯಾರ್ ಹೇಳಿದ್ರು?"

"ಬರತೈತಲ್ಲ?"

"ಇಲ್ಲ."

(ಮದುವೆಯಾಗಿ ಇಷ್ಟು ವರ್ಷವಾದರೂ ಈ ಪ್ರಶ್ನೆ ಕೇಳುವ ಪ್ರಸಂಗವೇ ಬಂದಿರಲಿಲ್ಲ ನೋಡಿ.)

"ಮತ್ತ ದ್ರಾಕ್ಷಿ ನೋಡಾಕ ಅಲ್ಲೀತನಕ ಯಾಕ್ರಿ? ಬಿಜಾಪುರದಾಗ ಇಲ್ಲೇನು? ಬಾಜೂ ಮನಿ ಇಟಾಲಿಯನ್ ಅಜ್ಜನ ಹಿತ್ತಲದಾಗ ಇಲ್ಲೇನು? ಬೇಲಿ ಮ್ಯಾಗಿಂದ ಹಣಿಕಿ ಹಾಕಿದ್ರ ಮುಗೀತು."

"ಅಪ್ಪಾ, ಯು ಡೋಂಟ್ ಈವನ್ ಡ್ರಿಂಕ್ ವೈನ್," ಎಂದಳು ಹಿಂದಿನ ಸೀಟಿನಿಂದ ಐಶ್ವರ್ಯಾ.

"ಕುಡಿಯಾಕ ಯಾರ್ ಹೊಂಟಾರ? ನಾವು ಲಿಂಗ ಕಟ್ಟಿಕೊಂಡವರು. ಹಣ್ಣು ನೋಡ್ತೀವಿ, ರಸ್ತಾ ನೋಡ್ತೀವಿ, ಬರ್ತೀವಿ."

ಹೀಗೆ ನಮ್ಮ ಸೈಕಲ್ ಗುರುಕುಲ ಆರಂಭವಾಯಿತು. ಸಂಜೆ ಖಾಲಿಯಾದ ಶಾಲೆಯ ಪಾರ್ಕಿಂಗ್ ಲಾಟಿನಲ್ಲಿ ಈರವ್ವ ಚೂಡಿದಾರ ತೊಟ್ಟು, ಹೆಲ್ಮೆಟ್ಟಿನ ಕೆಳಗೆ ತುರುಬು ತುರುಕಿ ಕುಳಿತಳು. ನಾನು ಸೀಟು ಹಿಡಿದು ಹಿಂದೆ ಓಡಿದೆ. "ಬ್ಯಾಲನ್ಸ್ ಹಿಡಿ. ಅಲ್ಲಲೇ, ಬ್ಯಾಲನ್ಸ್ ಅಂದ್ರ ಆ ಕಡೆ ಅಲ್ಲ, ಈ ಕಡೆ" ಎಂದು ನಾನು ಮೃದುವಾಗಿ ತಿಳಿಹೇಳುತ್ತಿದ್ದರೆ, ರಸ್ತೆಯಾಚೆಯ ಮನೆಗಳ ಪರದೆಗಳು ಸರಿಯುತ್ತಿದ್ದವು.

"ನೀವು ಒದರೂದ ನಿಲ್ಲಿಸ್ರಿ. ಬ್ಯಾಲನ್ಸ್ ತಾನ ಬರತೈತಿ."

ಅವಳ ಮಾತೇ ನಿಜವಾಯಿತು. ನಾನು ಶಿಫ್ಟಿನಲ್ಲಿದ್ದ ಒಂದು ಸಂಜೆ, ಮಗಳ ಜೊತೆ ಹೋದವಳು ಸೈಕಲ್ ಹೊಡೆದುಕೊಂಡೇ ಮನೆಗೆ ಬಂದಳು. "ಶಿ ಜಸ್ಟ್ ನೀಡೆಡ್ ಕ್ವಾಯೆಟ್, ಅಪ್ಪಾ," ಎಂದಳು ಮಗಳು. ಈ ದೇಶದಲ್ಲಿ ಗುರುಭಕ್ತಿ ಇಲ್ಲ.

ಆಮೇಲೆ ಶನಿವಾರ, ಭಾನುವಾರ ಕ್ಲೈನ್‌ಬರ್ಗ್ ದಾಟಿ ಉತ್ತರದ ಹೊಲಗಳ ರಸ್ತೆಗಳಲ್ಲಿ ತಾಲೀಮು. ಮೆಕ್ಕೆಜೋಳ ಕಂಡರೆ, "ಇದನ್ನ ದ್ರಾಕ್ಷಿ ಅಂತ ತಿಳ್ಕೊ" ಎನ್ನುತ್ತಿದ್ದೆ. ಒಂದು ಕಾನೂನನ್ನೂ ಮಾಡಿದೆ: ನಾನು ಮುಂದೆ, ಅವಳು ಹಿಂದೆ.

"ನೀವು ಮುಂದಿದ್ರ ನಾ ಬ್ರೇಕ್ ಹಿಡಕೊಂಡ ಬರಬೇಕಾಗತೈತಲ್ರಿ," ಎಂದಳು. ಕಾನೂನೆಂದರೆ ಕಾನೂನು. ಬ್ರೇಕ್ ಹಿಡಿದುಕೊಂಡೇ ಬಂದಳು.

ಕೊನೆಗೂ ಸೆಪ್ಟೆಂಬರ್ ಬಂತು. ಬೋನ್ ಎಂಬ ಊರಿನ ಕೋಟೆಗೋಡೆ ದಾಟಿದ್ದೇ ತಡ, ನನ್ನ ಎದೆ ಅರಳಿತು. ಬಾಚಣಿಗೆಯಲ್ಲಿ ಬಾಚಿದಂತೆ ಬಳ್ಳಿಗಳ ಸಾಲು, ಗುಡ್ಡದ ನೆತ್ತಿಯವರೆಗೂ. ಮೊಣಕಾಲೆತ್ತರದ ಕಲ್ಲುಗೋಡೆಗಳ ನಡುವೆ ಒಂದು ಎತ್ತಿನ ಗಾಡಿಗೆ ಆಗುವಷ್ಟೇ ರಸ್ತೆ, ಅದೂ ಹೋಳಿಗೆಯಂತೆ ನುಣ್ಣಗೆ. ನಮ್ಮ ಚಕ್ರಗಳ ಸದ್ದು ನಮಗೇ ಕೇಳುವಷ್ಟು ಮೌನ. ಎಲೆಗಳ ಕೆಳಗೆ ಕಪ್ಪು ಗೊಂಚಲು. ಕೊಯ್ಲಿನ ಕಾಲವಾದ್ದರಿಂದ ಸಾಲುಸಾಲಿನಲ್ಲಿ ಬಾಗಿದ ಜನ, ಕೈಯಲ್ಲಿ ಕತ್ತರಿ, ಪಕ್ಕದಲ್ಲಿ ಬುಟ್ಟಿ.

"ಏನ್ ಚಂದ ಹರಗ್ಯಾರ್ರಿ ಹೊಲಾನ. ಒಂದ ಕಸ ಇಲ್ಲ," ಎಂದಳು ಈರವ್ವ. ಅವಳ ಬಾಯಿಂದ ಇದಕ್ಕಿಂತ ದೊಡ್ಡ ಹೊಗಳಿಕೆ ಮದುವೆಯ ದಿನ ನನಗೂ ಸಿಕ್ಕಿರಲಿಲ್ಲ.

ವೇಣುಗೋಪಾಲ ಹಳದಿ ಜೆರ್ಸಿ, ಕಪ್ಪು ಕನ್ನಡಕ, ಬಿಗಿ ಚಡ್ಡಿಯಲ್ಲಿ ಮಿಂಚುತ್ತಿದ್ದ. ಆದರೆ ದಾರಿಯಲ್ಲಿ ಸಿಕ್ಕ ಪ್ರತಿಯೊಂದು ವೈನಿನ ನೆಲಮಾಳಿಗೆಗೂ ಇಳಿದು, "ಬರೀ ರುಚಿ ನೋಡ್ತೀನಿ" ಎನ್ನುತ್ತಿದ್ದ. ಪೊಮಾರ್ ಎಂಬ ಊರಿನಲ್ಲಿ ಮೇಲೆ ಬಂದವನು ಸೈಕಲ್ಲಿನ ಬಲಗಡೆಯಿಂದ ಹತ್ತಿ ಎಡಗಡೆಯಿಂದ ಇಳಿದ. ವ್ಯಾನ್ ಓಡಿಸುತ್ತಿದ್ದ ಫ್ರೆಂಚ್ ಹುಡುಗಿ ಸದ್ದಿಲ್ಲದೆ ಬಾಗಿಲು ತೆರೆದಳು. ಅವನು ಹತ್ತಿ ಕುಳಿತ. ತಂಡದ ಮಿಕ್ಕವರು ಅದಾಗಲೇ ಮುಂದೆ ಹೋಗಿದ್ದರು. ವ್ಯಾನೂ ಹೋಯಿತು.

ಆ ದೃಶ್ಯವನ್ನು ನಾನು ಹೇಗೆ ವರ್ಣಿಸಲಿ. ಕಾಲಿಗೆ ರೆಕ್ಕೆ ಬಂದವು. "ಈರವ್ವ, ನೋಡಿದೇನು? ಫಿಟ್‌ನೆಸ್ ವ್ಯಾನಿನ್ಯಾಗ ಹೊಂಟೈತಿ. ಮ್ಯೂರ್ಸೋ ಊರಾಗ ಊಟ, ಬಾ ಹಿಂದ" ಎಂದು ಸೈಕಲ್ ಬಿಟ್ಟೆ. ಊರು, ಇಳಿಜಾರು, ತಿರುವು, ಒಂದು ಕವಲು. ಕೊಟ್ಟಿದ್ದ ನಕಾಶೆ ಚೀಲದ ತಳದಲ್ಲಿತ್ತು. ಇಷ್ಟು ಚಂದದ ರಸ್ತೆಗೆ ನಕಾಶೆ ಬೇರೆ ಯಾಕೆ? ಚಂದ ಕಂಡ ಕಡೆ ಹೊರಳಿದೆ.

ಸಾಕಷ್ಟು ದೂರ ಹೋಗಿದ್ದೆ. ಗುಡ್ಡದ ಮೇಲಿನ ಸಾಲಿನಿಂದ ಯಾರೋ ಕೂಗಿದರು: "ದ್ಯಾಮನ್ನಾ!" ಪಕ್ಕದ ತೋಟದಿಂದ ಇನ್ನೊಬ್ಬ: "ದ್ಯಾಮನ್ನಾ!" ನೋಡನೋಡುತ್ತ ಇಡೀ ಇಳಿಜಾರೇ ಎದ್ದು ನಿಂತಿತು. ಟೋಪಿ ಬೀಸಿದರು, ಬುಟ್ಟಿ ಬಡಿದರು, ಕತ್ತರಿ ಎತ್ತಿದರು.

ನನ್ನ ಹೆಸರು ಫ್ರಾನ್ಸಿನವರಿಗೆ ಹೇಗೆ ತಿಳಿಯಿತು ಎಂಬ ಅನುಮಾನ ಏಳನೇ ಇಯತ್ತೆಯವನಿಗೂ ಬರಬೇಕಿತ್ತು. ಬರಲಿಲ್ಲ. ಕೀರ್ತಿ ಮನೆಬಾಗಿಲಿಗೆ ಬಂದಾಗ ವಿಳಾಸ ಯಾರು ಕೊಟ್ಟರೆಂದು ಯಾರೂ ಕೇಳುವುದಿಲ್ಲ. ಈ ದೇಶದವರು ಸೈಕಲ್ ರೇಸಿನವರನ್ನು ರಸ್ತೆಬದಿ ನಿಂತು ಹುರಿದುಂಬಿಸುವುದನ್ನು ಟಿವಿಯಲ್ಲಿ ನೋಡಿದ್ದೆ. ಗುಣಗ್ರಾಹಿಗಳು, ತುಳಿಯುವ ಕಾಲನ್ನು ನೋಡಿಯೇ ಗುರುತಿಸಿದ್ದಾರೆ ಎಂದುಕೊಂಡೆ. ಒಂದು ಕೈ ಎತ್ತಿ ಬೀಸಿದೆ. ಅವರು ಇನ್ನೂ ಜೋರಾಗಿ ಕೂಗಿದರು. ನಾನು ಇನ್ನೂ ಜೋರಾಗಿ ತುಳಿದೆ. ಒಬ್ಬ ಮುದುಕ ರಸ್ತೆಗೇ ಬಂದು ಎರಡೂ ಕೈ ಚಾಚಿ ನಿಂತ. ಪಾಪ, ಅಪ್ಪಿಕೊಳ್ಳಲು ಬಂದಿದ್ದಾನೆ, ಆದರೆ ಗೆಲ್ಲುವವನು ನಿಲ್ಲುವಂತಿಲ್ಲ ಎಂದು ಪಕ್ಕಕ್ಕೆ ಹೊರಳಿ ಪಾರಾದೆ.

ದ್ರಾಕ್ಷಿ ಮುಗಿಯಿತು. ಹುಲ್ಲುಗಾವಲು ಬಂತು, ದನ ಬಂದವು. ಮೂರು ಏರು ಏರಿದೆ. ಕೊನೆಗೆ ಹಿಂದಿನಿಂದ ಬಂದ ಒಂದು ಟ್ರ್ಯಾಕ್ಟರು ನನ್ನನ್ನು ದಾಟಿ ರಸ್ತೆಗೆ ಅಡ್ಡ ನಿಂತಿತು. ಮೇಲಿದ್ದ ದಾಂಡಿಗ ಇಳಿದು, "ದ್ಯಾಮನ್ನಾ?" ಎಂದ. ಎದೆ ತಟ್ಟಿಕೊಂಡು ಹೌದೆಂದೆ. ನನ್ನನ್ನೂ ಸೈಕಲ್ಲನ್ನೂ ಒಟ್ಟಿಗೆ ಎತ್ತಿ ಹಿಂದಿನ ಗಾಡಿಯಲ್ಲಿ ದ್ರಾಕ್ಷಿ ತೊಟ್ಟಿಗಳ ನಡುವೆ ಇಟ್ಟ. ಮೆರವಣಿಗೆಯೂ ಇದೆಯೇ ಎಂದು ಅಂಗಿ ಸರಿಮಾಡಿಕೊಂಡು ಕುಳಿತೆ.

ಮ್ಯೂರ್ಸೋ ಊರಿನ ಚೌಕದಲ್ಲಿ ಜನ ಸೇರಿದ್ದರು. ವ್ಯಾನೂ ನನ್ನನ್ನು ಹುಡುಕಿ ಬಂದು ನಿಂತಿತ್ತು. ನಡುವೆ ಈರವ್ವ, ಕೈಯಲ್ಲಿ ಯಾರೋ ಕೊಟ್ಟ ದ್ರಾಕ್ಷಿ ಗೊಂಚಲು.

"ಎಲ್ಲಿ ಹೊಂಟಿದ್ರಿ?" ಎಂದಳು.

"ಅದಿರಲಿ. ಮಂದಿ ನನ್ನ ಹೆಸರ ಕೂಗಿದ್ದ ಕೇಳಿದೇನು?"

"ಕೂಗ್ರಿ ಅಂತ ನಾನ ಹೇಳಿದ್ದು. ಕವಲಿನ್ಯಾಗ ನೀವು ತಪ್ಪ ದಾರಿ ಹಿಡದ್ರಿ. ಹೋಗವರನ್ನ ಹಿಂದಿಂದ ಕರೀಬಾರದು ಅಂತ ಸುಮ್ನಿದ್ದೆ. ತಿರುಗಿ ಬರ್ತಾರ ಅಂತ ಕಾದೆ, ಬರಲಿಲ್ಲ. ಅದಕ್ಕ ಈ ಮಂದೀನ ಕೇಳಿದೆ. ಕೈಲೆ ಮೀಸಿ ತೋರ್ಸಿದೆ, ಹೊಟ್ಟಿ ತೋರ್ಸಿದೆ. ನೇಮ್ ಏನು ಅಂದ್ರು."

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಕಡೆಯ ಹೆಣ್ಣುಮಕ್ಕಳು ಗಂಡನ ಹೆಸರನ್ನು ಬರಿದೇ ಹೇಳುವುದಿಲ್ಲ. ಹೇಳಲೇಬೇಕಾದರೆ ಪ್ರಾಸ ಕೂಡಿಸಿ ಒಡಪು ಕಟ್ಟಿ, ಅದರ ಕೊನೆಗೆ ಹೆಸರನ್ನು ಇಡುತ್ತಾರೆ. ಈರವ್ವ ಫ್ರಾನ್ಸಿಗೆ ಬಂದಳೆಂದು ಪದ್ಧತಿ ಬಿಟ್ಟಾಳೆಯೇ?

ಈಗ ಕೊಯ್ಲಿನವರು ಮತ್ತೊಮ್ಮೆ ಹೇಳೆಂದು ಕೈಸನ್ನೆ ಮಾಡಿದರು. ಅವಳು ನಾಚಿ, ದುಪಟ್ಟಾ ಸರಿಮಾಡಿಕೊಂಡು, ನಿಧಾನವಾಗಿ ಹೇಳಿದಳು:

"ಬಳ್ಳಿ ಬಳ್ಳಿಗೂ ತೂಗತೈತಿ ಕರೀ ದ್ರಾಕ್ಷಿ ಹಣ್ಣ,
ದಾರಿ ತಪ್ಪಿ ಹೊಂಟಾರ ನಮ್ಮ ರಾಯರು ದ್ಯಾಮಣ್ಣ."

"ದ್ಯಾಮನ್ನಾ!" ಎಂದಿತು ಇಡೀ ಚೌಕ. ವ್ಯಾನಿನ ಕಿಟಕಿಯಿಂದ ತಲೆ ಹೊರಹಾಕಿದ ವೇಣುಗೋಪಾಲ ಅದರ ಅರ್ಥವನ್ನು ಇಂಗ್ಲಿಷಿನಲ್ಲಿ ವಿವರಿಸಿದ, ವ್ಯಾನಿನ ಹುಡುಗಿ ಫ್ರೆಂಚಿನಲ್ಲಿ. ಇಂಗ್ಲಿಷಿಗೆ ಕೆಲವರು ನಕ್ಕರು, ಫ್ರೆಂಚಿಗೆ ಇಡೀ ಚೌಕವೇ ನಕ್ಕಿತು.

ನನಗೆ ಸಿಟ್ಟು ಬಂದಿರಲಿಲ್ಲ. ಸೈಕಲ್ ಇಳಿಸಿಕೊಂಡು, ಹೋಟೆಲಿನವರೆಗೆ ತುಳಿದು ತೋರಿಸುತ್ತೇನೆಂದು ಕಾಲೆತ್ತಿದೆ. ಕಾಲು ಬಾರಿನ ಅರ್ಧಕ್ಕೂ ಹೋಗಲಿಲ್ಲ. ಇನ್ನೊಂದನ್ನು ಎತ್ತಿದೆ. ಅದೂ ಯಾರದೋ ಕಾಲಿನ ಹಾಗೆ ನಡುಗಿ ಕೆಳಗಿಳಿಯಿತು.

"ಹತ್ರಿ ಇನ್ನ," ಎಂದು ಈರವ್ವ ವ್ಯಾನಿನ ಬಾಗಿಲಿನ ಕಡೆ ಕೈ ತೋರಿಸಿದಳು. ಗೊಂಚಲನ್ನು ತನ್ನ ಸೈಕಲ್ಲಿನ ಬುಟ್ಟಿಯಲ್ಲಿಟ್ಟು, ನನ್ನ ಉತ್ತರಕ್ಕೂ ಕಾಯದೆ, ಬ್ರೇಕ್ ಬಿಟ್ಟು ಹೊರಟೇಬಿಟ್ಟಳು.

ಒಳಗೆ ವೇಣುಗೋಪಾಲ ತನ್ನ ಚೀಲವನ್ನು ಮಡಿಲಿಗೆ ಎತ್ತಿಕೊಂಡು ಜಾಗ ಮಾಡಿದ.

"ಬನ್ನಿ ದ್ಯಾಮಣ್ಣೋರೇ. ಕಿಟಕಿ ಪಕ್ಕ ಬೇಕಾ?"

ಬೇಕೆಂದೆ.